ಬಡವರ ಪೋರ್ಷೆ ಅನ್ನುವವರಿಗೆ

ನಿನ್ನೆ ಇಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ನಮ್ಮ ಕನ್ನಡದವರೆಲ್ಲ ಸೇರಿ ಊಟ ಇಟ್ಟುಕೊಂಡಿದ್ವಿ. ಕೈ ತೊಳೆದು ಹೊರಗೆ ಬಂದರೆ ಇಬ್ಬರು ಹುಡುಗರು ನನ್ನ ಕಾರಿಗೆ, ಅಂದರೆ ಪೋರ್ಷೆ ಕಂಪನಿಯ ಬಾಕ್ಸ್‌ಟರ್ ಅನ್ನೋ ಸ್ಪೋರ್ಟ್ಸ್ ಕಾರಿಗೆ, ಒಂದು ಸುತ್ತು ಹಾಕುತ್ತಿದ್ದರು. ಬೆಂಗಳೂರಿನಿಂದ ಹೊಸದಾಗಿ ಬಂದವರು, ಒಳ್ಳೇ ಕೆಲಸದಲ್ಲಿದ್ದಾರೆ. "ಅಕ್ಕ, ಇದು ಬಾಕ್ಸ್‌ಟರಾ? ದೂರದಿಂದ ಪೋರ್ಷೆ ಅಂದ್ಕೊಂಡೆ" ಅಂದ ಒಬ್ಬ. ಇನ್ನೊಬ್ಬ, "ಪೋರ್ಷೆನೇ ಕಣೋ, ಬಡವರ ಪೋರ್ಷೆ" ಅಂದ. ನಾಲ್ಕು ಜನರ ಎದುರು ಜಗಳ ಬೇಡ ಅಂತ ಸುಮ್ಮನೆ ಮನೆಗೆ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಬರಹ ಉದ್ದ ಆಗುತ್ತೆ, ಪುರುಸೊತ್ತಿದ್ದವರು ಓದಿ.

ನನ್ನನ್ನ ಬಲ್ಲವರಿಗೆ ಗೊತ್ತು, ನಾನು ಚನ್ನರಾಯಪಟ್ಟಣದಲ್ಲಿ ಅಪ್ಪನ ಗ್ಯಾರೇಜಿನಲ್ಲಿ ಬೆಳೆದವಳು. ಅಲ್ಲಿಗೆ ಅಂಬಾಸಿಡರ್ ಬರಲಿ, ಮೆಟಡಾರ್ ಬರಲಿ, ಅಪ್ಪ ಮೊದಲು ಬಾನೆಟ್ ಎತ್ತಿ ಎಂಜಿನ್ನಿನ ಸದ್ದು ಕೇಳೋರು, ಯಾರ ಗಾಡಿ ಅಂತ ಆಮೇಲೆ ವಿಚಾರಿಸೋರು. ಹಾಗೆ ಕಲಿತವಳಿಗೆ, ಕಾರಿನ ಬಗ್ಗೆ ಏನೂ ತಿಳಿಯದೆ ಅದರ ಬೆಲೆಯೊಂದನ್ನೇ ಹಿಡಿದು ಜಾತಿ ಕಟ್ಟೋದು ಕಂಡರೆ ಮೈ ಉರಿಯುತ್ತೆ. ಈ ಮಾತು ನಾನು ಕೇಳ್ತಿರೋದು ಇದೇ ಮೊದಲಲ್ಲ. ಆಫೀಸಿನ ಜರ್ಮನ್ನರ ಬಾಯಲ್ಲಿ ಕೇಳಿದ್ದೀನಿ, ಪೆಟ್ರೋಲ್ ಬಂಕಿನಲ್ಲಿ ಗುರುತು ಪರಿಚಯ ಇಲ್ಲದವರ ಬಾಯಲ್ಲೂ ಕೇಳಿದ್ದೀನಿ. ಪೋರ್ಷೆಯ ಹೆಸರುವಾಸಿ ದುಬಾರಿ ಮಾದರಿ 911 ಮಾತ್ರ ಅಸಲಿ ಪೋರ್ಷೆಯಂತೆ, ಮಿಕ್ಕಿದ್ದೆಲ್ಲ ಹೆಸರಿಗೆ ಮಾತ್ರವಂತೆ.

ಹಾಗಾದರೆ ಮೊದಲನೇ ಪೋರ್ಷೆ ಯಾವುದು ಅಂತ ಒಂದು ಸಲ ನೋಡೋಣ.

ಯುದ್ಧದ ಕೊನೆಗಾಲದಲ್ಲಿ ಬಾಂಬಿಗೆ ಹೆದರಿ ಪೋರ್ಷೆಯವರ ಕಚೇರಿ ಸ್ಟುಟ್‌ಗಾರ್ಟ್ ಬಿಟ್ಟು ಆಸ್ಟ್ರಿಯಾದ ಗ್ಮ್ಯುಂಡ್ ಅನ್ನೋ ಸಣ್ಣ ಊರಿನ ಒಂದು ಸಾಮಿಲ್ಲಿಗೆ ಹೋಗಿ ಕೂತಿತು. ಯುದ್ಧ ಮುಗಿದ ಮೇಲೆ ಅಪ್ಪ ಫರ್ಡಿನಾಂಡ್ ಪೋರ್ಷೆಯನ್ನ ಫ್ರೆಂಚರು ಹಿಡಿದು ಜೈಲಿನಲ್ಲಿಟ್ಟರು, 1947ರಲ್ಲಿ ಬಿಟ್ಟರು. ಅಷ್ಟರಲ್ಲಿ ಮಗ ಫೆರ್ರಿ ಆ ಸಾಮಿಲ್ಲಿನಲ್ಲೇ ತನ್ನದೊಂದು ಕಾರಿಗೆ ಕೈ ಹಾಕಿದ್ದರು. 1948ರ ಜೂನ್ 8ರಂದು ರಸ್ತೆಗಿಳಿಯಲು ಪರವಾನಗಿ ಸಿಕ್ಕ ಆ ಮೊದಲ 356, ಪೋರ್ಷೆ ಅನ್ನೋ ಹೆಸರು ಹೊತ್ತ ಮೊದಲ ಕಾರು. ಎರಡೇ ಸೀಟು. ತೆರೆದ ಕಾರು. ಎಂಜಿನ್ ಇದ್ದದ್ದು ಸೀಟಿನ ಬೆನ್ನಿಗೆ, ಹಿಂದಿನ ಚಕ್ರಗಳಿಗಿಂತ ಮುಂದೆ. 1.1 ಲೀಟರಿನ ಆ ಎಂಜಿನ್ ಫೋಕ್ಸ್‌ವಾಗನ್ನಿನ ಬೀಟಲ್ ಕಾರಿನದ್ದು, ಗೇರ್‌ಬಾಕ್ಸೂ ಸಸ್ಪೆನ್ಷನ್ನೂ ಬೀಟಲ್‌ನಿಂದ ತಂದವೇ. ಶಕ್ತಿ 35 ಹಾರ್ಸ್‌ಪವರ್, ತೂಕ 600 ಕೆಜಿಗೂ ಕಡಿಮೆ.

ಈಗ ಬಾಕ್ಸ್‌ಟರ್ ನೋಡಿ. ಎರಡು ಸೀಟು, ತೆರೆಯೋ ಛಾವಣಿ, ಎಂಜಿನ್ ಸೀಟಿನ ಬೆನ್ನಿಗೆ. ಎಂಜಿನ್ ಹಿಂದಿನ ಆಕ್ಸಲ್ ದಾಟಿ ಬಾಲಕ್ಕೆ ಹೋದದ್ದು ಆಮೇಲೆ, 356 ಮಾರಾಟದ ಕಾರಾದಾಗ. ಹಿಂದೆ ಇನ್ನೊಂದಿಷ್ಟು ಜಾಗ ಸಿಗಲಿ, ಕಾರು ಅಗ್ಗದಲ್ಲಿ ತಯಾರಾಗಲಿ ಅನ್ನೋದು ಅದರ ಹಿಂದಿನ ಲೆಕ್ಕ. ಇವತ್ತು ಜನ ಪೂಜೆ ಮಾಡೋ 911ರ ಎಂಜಿನ್ ಆ ಜಾಗದಲ್ಲಿರೋದು ಆ ಲೆಕ್ಕದಿಂದಾಗಿಯೇ.

1963ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ 911 ಬಂತು. ಆಗ ಅದರ ಹೆಸರು 901, ನಡುವೆ ಸೊನ್ನೆ ಇರೋ ಮೂರಂಕಿ ಹೆಸರುಗಳು ತಮ್ಮವು ಅಂತ ಪೂಜೋ ಕಂಪನಿ ತಕರಾರು ತೆಗೆದಿದ್ದರಿಂದ 911 ಆಯಿತು. ಕಾರು ಚೆನ್ನಾಗಿತ್ತು, ಆದರೆ ಹಳೇ 356 ಗಿರಾಕಿಗಳಿಗೆ ಬೆಲೆ ಎಟುಕಲಿಲ್ಲ. ಅದಕ್ಕೇ 1965ರಲ್ಲಿ ಅದೇ ಮೈಗೆ ನಾಲ್ಕು ಸಿಲಿಂಡರಿನ ಎಂಜಿನ್ ಹಾಕಿ 912 ತಂದರು. 30 ಸಾವಿರಕ್ಕೂ ಹೆಚ್ಚು 912 ಮಾರಾಟವಾದವು. ಆಮೇಲೆ ಫೋಕ್ಸ್‌ವಾಗನ್ ಜೊತೆ ಸೇರಿ 914 ಮಾಡಿದರು, ಅದೂ ಸೀಟಿನ ಬೆನ್ನಿಗೆ ಎಂಜಿನ್ ಇರೋ ಕಾರು. ಇದೇ ಊರಿನವರು ಅದನ್ನ ಆಡಿಕೊಂಡರು. ಒಂದು ಲಕ್ಷಕ್ಕೂ ಮಿಕ್ಕಿ ಜನ ಮಾತ್ರ ಅದನ್ನ ಕೊಂಡು ಓಡಿಸಿದರು.

924ರ ಕಥೆಯನ್ನಂತೂ ನಾನು ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ. ಅದು ಫೋಕ್ಸ್‌ವಾಗನ್‌ಗಾಗಿ ಪೋರ್ಷೆ ವಿನ್ಯಾಸ ಮಾಡಿಕೊಟ್ಟ ಕಾರು. ತೈಲ ಬಿಕ್ಕಟ್ಟಿನ ಹೊತ್ತಿನಲ್ಲಿ ಫೋಕ್ಸ್‌ವಾಗನ್ ನಮಗೆ ಬೇಡ ಅಂತು. ತಾನೇ ಹೆತ್ತ ಕೂಸನ್ನ ದುಡ್ಡು ಕೊಟ್ಟು ವಾಪಸ್ ತಂದ ಹಾಗೆ ಪೋರ್ಷೆ ಅದನ್ನ ಕೊಂಡುಕೊಂಡು, 1976ರಲ್ಲಿ ತನ್ನ ಹೆಸರಿನಲ್ಲಿ ಬಿಡ್ತು. ಜೋಡಣೆ ನೆಕಾರ್ಸುಲ್ಮ್‌ನ ಔಡಿ ಕಾರ್ಖಾನೆಯಲ್ಲಿ, ಎಂಜಿನ್ ಔಡಿಯದ್ದು. ಅದೇ ಎಂಜಿನ್ನಿನ ಇನ್ನೊಂದು ರೂಪ ಫೋಕ್ಸ್‌ವಾಗನ್ನಿನ ಎಲ್‌ಟಿ ವ್ಯಾನಿನಲ್ಲೂ ಇತ್ತು ಅನ್ನೋದನ್ನ ಹಿಡಿದು ಇವತ್ತಿಗೂ ವ್ಯಾನಿನ ಎಂಜಿನ್ ಅಂತ ಹೀಯಾಳಿಸ್ತಾರೆ. ಆ ವರ್ಷಗಳಲ್ಲಿ ಅದು 911ಗಿಂತ ಹೆಚ್ಚು ಮಾರಾಟವಾಗ್ತಿತ್ತು. ಅದರ ಬೆನ್ನಿಗೆ 1982ರಲ್ಲಿ 944 ಬಂತು, 1.6 ಲಕ್ಷಕ್ಕೂ ಹೆಚ್ಚು ಕಾರುಗಳು. ಗೇರ್‌ಬಾಕ್ಸ್ ಹಿಂದೆ, ಎಂಜಿನ್ ಮುಂದೆ, ಭಾರ ಎರಡೂ ಕಡೆ ಸರಿಸಮ. ತಿರುವಿನಲ್ಲಿ ಅದು ಹೋಗೋ ರೀತಿಯನ್ನ ಒಂದು ಸಲ ಅನುಭವಿಸಿದವರು ವ್ಯಾನಿನ ಮಾತು ಎತ್ತಲ್ಲ.

ಆ ಹೊತ್ತಿಗೆ 911 ಎಲ್ಲಿತ್ತು ಅಂತ ಕೇಳಿ. ನಿವೃತ್ತಿಯ ಅಂಚಿನಲ್ಲಿ. ಅದರ ಜಾಗಕ್ಕೆ ಅಂತಲೇ 928 ಬಂದಾಗಿತ್ತು. 1981ರಲ್ಲಿ ಮುಖ್ಯಸ್ಥರಾಗಿ ಬಂದ ಪೀಟರ್ ಶುಟ್ಸ್, ಎಂಜಿನಿಯರ್ ಹೆಲ್ಮುತ್ ಬಾಟ್ ಅವರ ಕೋಣೆಯ ಗೋಡೆಯ ಮೇಲಿದ್ದ, ಯಾವ ಕಾರು ಎಲ್ಲಿವರೆಗೆ ತಯಾರಾಗಬೇಕು ಅನ್ನೋ ನಕ್ಷೆಯಲ್ಲಿ 911ರ ಗೆರೆ ಆ ವರ್ಷಕ್ಕೇ ನಿಂತದ್ದು ನೋಡಿ, ಮಾರ್ಕರ್ ತಗೊಂಡು ಗೆರೆಯನ್ನ ಕಾಗದ ದಾಟಿಸಿ ಗೋಡೆ ಮೇಲೂ ಎಳೆದರಂತೆ. ಅವರೇ ಹೇಳಿಕೊಂಡ ಕಥೆ ಇದು. ಚೆಂದದ ಕಥೆ, ಎಲ್ಲರೂ ಹೇಳ್ತಾರೆ. ಆ ಗೆರೆ ಮುಂದುವರೀಬೇಕಾದರೆ ಕಾರ್ಖಾನೆ ನಡೀಬೇಕಿತ್ತು, ಅದನ್ನ ನಡೆಸೋ ದುಡ್ಡಿನಲ್ಲಿ ದೊಡ್ಡ ಪಾಲು 924, 944 ತಗೊಂಡ ಸಾಮಾನ್ಯ ಸಂಬಳದವರಿಂದ ಬಂತು. ಇದನ್ನ ಯಾರೂ ಹೇಳಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೀನಿ, ಹೇಳದೆ ನನಗೆ ಸಮಾಧಾನ ಇಲ್ಲ. "ಶುದ್ಧ ಪೋರ್ಷೆ" ಅನ್ನೋ ಮಾತು ಕೇಳಿದಾಗಲೆಲ್ಲ ನನಗೆ ಅಡಾಲ್ಫ್ ರೋಸೆನ್‌ಬರ್ಗರ್ ನೆನಪಾಗ್ತಾರೆ. 1931ರಲ್ಲಿ ಈ ಕಂಪನಿ ಶುರುವಾದಾಗ ದುಡ್ಡು ಹಾಕಿ ವ್ಯವಹಾರ ನೋಡಿಕೊಂಡವರು, ಸ್ವತಃ ರೇಸ್ ಓಡಿಸಿದವರು, ಯಹೂದಿ. 1935ರಲ್ಲಿ ಅವರ ಪಾಲು ಕೈತಪ್ಪಿತು, ಅದೇ ವರ್ಷ ನಾಜಿಗಳು ಅವರನ್ನ ಹಿಡಿದು ಶಿಬಿರಕ್ಕೆ ಹಾಕಿದರು. ಬಿಡುಗಡೆಯಾಗಿ ದೇಶ ಬಿಟ್ಟು ಕೊನೆಗೆ ಅಮೆರಿಕ ಸೇರಿ, ಹೆಸರೂ ಬದಲಿಸಿಕೊಂಡು ಬದುಕಿದರು. ಫರ್ಡಿನಾಂಡ್ ಪೋರ್ಷೆ ನಾಜಿ ಪಕ್ಷದ ಸದಸ್ಯರಾಗಿದ್ದರು. ಅವರ ಉಸ್ತುವಾರಿಯಲ್ಲಿದ್ದ ಫೋಕ್ಸ್‌ವಾಗನ್ ಕಾರ್ಖಾನೆಯಲ್ಲಿ ಯುದ್ಧದ ಕಾಲಕ್ಕೆ ದುಡಿದವರಲ್ಲಿ ಬಲವಂತಕ್ಕೆ ಎಳೆದು ತಂದವರೇ ಬಹಳ. ನಾನು ಈ ಕಾರನ್ನ ಪ್ರೀತಿಸ್ತೀನಿ, ಈ ಚರಿತ್ರೆಯೂ ಅದರ ಜೊತೆಗೇ ಬರುತ್ತೆ. ಇಂಥ ಚರಿತ್ರೆ ಇರೋ ಮನೆಯಲ್ಲಿ ನಿಂತು ಇದು ಅಸಲಿ ಕುಲ, ಅದು ಕಲಬೆರಕೆ ಅಂತ ವಿಂಗಡಿಸೋದನ್ನ ಕೇಳಲಿಕ್ಕೆ ನನ್ನಿಂದ ಆಗಲ್ಲ.

ಬಾಕ್ಸ್‌ಟರಿಗೆ ಬರ್ತೀನಿ. 1980ರ ದಶಕದ ನಡುವೆ ವರ್ಷಕ್ಕೆ 50 ಸಾವಿರದಷ್ಟು ಮಾರ್ತಿದ್ದ ಕಂಪನಿ 1990ರ ದಶಕದ ಆರಂಭಕ್ಕೆ 15 ಸಾವಿರದ ಆಸುಪಾಸಿಗೆ ಕುಸಿದಿತ್ತು. ಇವತ್ತೋ ನಾಳೆಯೋ ಬೇರೆಯವರ ಪಾಲಾಗುತ್ತೆ ಅನ್ನೋ ಸ್ಥಿತಿ. ವೆಂಡೆಲಿನ್ ವೀಡೆಕಿಂಗ್ ಚುಕ್ಕಾಣಿ ಹಿಡಿದು, ಟೊಯೋಟಾದಲ್ಲಿ ಪಳಗಿದ ಜಪಾನೀಯರನ್ನ ಕರೆಸಿ, ಆಳೆತ್ತರದ ಬಿಡಿಭಾಗದ ರ್‍ಯಾಕುಗಳನ್ನ ಕಡಿಸಿ, ಕೆಲಸದ ರೀತಿಯನ್ನೇ ತಿರುಗಿಸಿದರು. 1993ರ ಜನವರಿಯಲ್ಲಿ ಡೆಟ್ರಾಯಿಟ್‌ನಲ್ಲಿ ಬಾಕ್ಸ್‌ಟರಿನ ಮಾದರಿ ತೋರಿಸಿದಾಗ ಜನ ಮುಗಿಬಿದ್ದರು. 1996ರಲ್ಲಿ ಕಾರು ಬಂತು, 2.5 ಲೀಟರ್, 204 ಹಾರ್ಸ್‌ಪವರ್. ಬೇಡಿಕೆ ಎಷ್ಟಿತ್ತು ಅಂದರೆ ಫಿನ್‌ಲ್ಯಾಂಡಿನ ಕಾರ್ಖಾನೆಯೊಂದರಲ್ಲೂ ಕಟ್ಟಿಸಬೇಕಾಯಿತು. ಆ ಮೊದಲ ತಲೆಮಾರಿನದ್ದೇ 1.6 ಲಕ್ಷಕ್ಕೂ ಹೆಚ್ಚು ಕಾರುಗಳು. ಕಯೆನ್ ಅನ್ನೋ ದೊಡ್ಡ ಎಸ್‌ಯುವಿ ಬಂದು ದುಡ್ಡಿನ ಹೊಳೆ ಹರಿಸಿದ್ದು 2002ರ ಮೇಲೆ. ಅದಕ್ಕೂ ಮೊದಲು ಮನೆಗೆ ದೀಪ ಹಚ್ಚಿದ್ದು ಬಾಕ್ಸ್‌ಟರ್.

"ಏನೇ ಹೇಳಿ, 911 ಅಂದರೆ 911" ಅಂತೀರಿ. ಸರಿ. 1963ರಿಂದ ಬಿಡದೆ ಬಂದ ಕಾರು, ರ್‍ಯಾಲಿ ಗೆದ್ದಿದೆ, ರೇಸ್ ಗೆದ್ದಿದೆ, 2017ರಲ್ಲಿ ಹತ್ತು ಲಕ್ಷದ ಗಡಿ ದಾಟಿತು. ನನಗೂ ಇಷ್ಟ. ನನ್ನ ಸಂಬಳಕ್ಕೆ ಅದು ಎಟುಕಲ್ಲ ಅನ್ನೋದೂ ನಿಜ, ಮುಚ್ಚಿಡೋಕೆ ಅದರಲ್ಲಿ ಏನಿದೆ. ಆದರೆ 1997ರಲ್ಲಿ ಬಂದ 996 ಮಾದರಿಯ 911 ಬಾಗಿಲಿನಿಂದ ಮುಂದಕ್ಕೆ ಬಾಕ್ಸ್‌ಟರೇ. ಅದೇ ಹೆಡ್‌ಲೈಟು, ಅದೇ ಬಾಗಿಲು, ಎಂಜಿನ್ನೂ ಅದೇ ಮನೆತನದ್ದು. ಹಂಚಿಕೊಂಡಿದ್ದರಿಂದಲೇ ಎರಡೂ ಬದುಕಿದ್ದು. ಗಾಳಿಯಿಂದ ತಣಿಯೋ ಹಳೇ ಎಂಜಿನ್ ಬಿಟ್ಟು ನೀರಿನಿಂದ ತಣಿಯೋ ಎಂಜಿನ್ ಬಂತು ಅಂತ ಆ 996ನ್ನೂ "ಇದು 911 ಅಲ್ಲ" ಅಂತ ದೂರಿದ ಜನ ಇದ್ದರು. ಈ ಜಾತಿ ಕಟ್ಟೋದಕ್ಕೆ ತಳ ಅನ್ನೋದೇ ಇಲ್ಲ.

ಇಟ್ಟುಕೊಂಡು ಓಡಿಸೋ ಸುಖ ಏನು ಅಂತ ಕೇಳೋರಿಗೆ ಹೇಳ್ತೀನಿ. ನನ್ನದು 2001ರ ಕಾರು, 2.7 ಲೀಟರ್. ಕೀಲಿ ಸ್ಟೀರಿಂಗಿನ ಎಡಕ್ಕೆ. ಬಾನೆಟ್ ಎತ್ತಿದರೆ ಒಂದು ಡಿಕ್ಕಿ, ಹಿಂದೆ ಇನ್ನೊಂದು ಡಿಕ್ಕಿ, ಎಂಜಿನ್ ಎಲ್ಲೂ ಕಾಣಲ್ಲ. ಆಯಿಲ್ ಹಾಕೋ ಬಾಯಿ, ಕೂಲೆಂಟ್ ಹಾಕೋ ಬಾಯಿ ಎರಡೂ ಹಿಂದಿನ ಡಿಕ್ಕಿಯೊಳಗೆ. ಎಂಜಿನ್ನನ್ನೇ ನೋಡಬೇಕಂದರೆ ಛಾವಣಿಯನ್ನ ಅರ್ಧಕ್ಕೆ ಮಡಚಿ ನಿಲ್ಲಿಸಿ, ಹಿಂದಿನ ಕಾರ್ಪೆಟ್ ಎತ್ತಿ, ಮುಚ್ಚಳ ಬಿಚ್ಚಬೇಕು. ಶರತ್ಕಾಲದಲ್ಲಿ ಎಲೆ ಉದುರೋ ಹೊತ್ತಿಗೆ ಛಾವಣಿಯ ಮೂಲೆಯಲ್ಲಿರೋ ನೀರಿನ ದಾರಿಗಳನ್ನ ಕೈಯಾರೆ ಬಿಡಿಸಬೇಕು. ಅಲ್ಲಿ ಎಲೆ ಕಟ್ಟಿಕೊಂಡರೆ ಮಳೆ ನೀರು ಒಳಗಿಳಿದು ನೇರ ಸೀಟಿನ ಕೆಳಗಿರೋ ಎಲೆಕ್ಟ್ರಾನಿಕ್ ಪೆಟ್ಟಿಗೆಗೆ ಹೋಗುತ್ತೆ, ಆಮೇಲೆ ಕಾರು ಸ್ಟಾರ್ಟೇ ಆಗಲ್ಲ.

ಬೇರಿಂಗಿನ ವಿಷಯವನ್ನೂ ಹೇಳಬೇಕು. ಈ ಎಂಜಿನ್ನಿನೊಳಗೆ ಟೈಮಿಂಗ್ ಚೈನುಗಳನ್ನ ತಿರುಗಿಸೋ ಒಂದು ಶಾಫ್ಟ್ ಇದೆ, ಅದರ ತುದಿಯ ಬೇರಿಂಗ್ ಹೋದರೆ ಎಂಜಿನ್ನೇ ಹೋಯಿತು. ಇದು ನಿಜವಾದ ದೋಷ, ಅಮೆರಿಕದಲ್ಲಿ ಕೋರ್ಟಿಗೂ ಹೋಗಿತ್ತು. ಅದೇ ಬೇರಿಂಗ್ ಆ ಕಾಲದ ಸಾಮಾನ್ಯ 911ನಲ್ಲೂ ಇತ್ತು. ಬಾಕ್ಸ್‌ಟರನ್ನ ಹಳಿಯೋಕೆ ಅದನ್ನೇ ಮುಂದೆ ಮಾಡೋರು ಇದನ್ನ ಮಾತ್ರ ಬಿಟ್ಟುಬಿಡ್ತಾರೆ. ಕ್ಲಚ್ ಬಿಚ್ಚಿದಾಗ ಬೇರಿಂಗನ್ನೂ ಬದಲಾಯಿಸಿದರೆ ಆ ಭಯ ಬಹಳ ಮಟ್ಟಿಗೆ ಹೋಗುತ್ತೆ. ನಾನು ಪ್ರತಿ ಸಲ ಆಯಿಲ್ ಬದಲಿಸಿದಾಗ ಫಿಲ್ಟರಿನ ಕಾಗದದ ಮಡಿಕೆಗಳನ್ನ ಬಿಡಿಸಿ, ಟಾರ್ಚ್ ಹಿಡಿದು ಒಂದೊಂದೇ ನೋಡ್ತೀನಿ, ಎಲ್ಲಾದರೂ ಲೋಹದ ಚೂರು ಮಿಂಚುತ್ತಾ ಅಂತ. ಹಳೇ ಆಯಿಲನ್ನ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ತಿಕ್ಕಿ ನೋಡ್ತೀನಿ. ಇದು ಅಪ್ಪ ಕಲಿಸಿದ್ದು, ಮೆಟಡಾರಿನ ಆಯಿಲ್ ಹಿಡಿದು.

ನನ್ನ ಸಿಟ್ಟಿಗೆ ದೊಡ್ಡ ಕಾರಣ ಇರೋದು ಇಲ್ಲಿ. ಬಡವರ ಪೋರ್ಷೆ ಅಂತ ಹೇಳಿ ಹೇಳಿ ಈ ಕಾರುಗಳ ಬೆಲೆ ಬಿತ್ತು. ಬೆಲೆ ಬಿದ್ದ ಮೇಲೆ ಅಗ್ಗಕ್ಕೆ ಪೋರ್ಷೆ ಸಿಗುತ್ತೆ ಅಂತ ತಗೊಂಡವರು, ಸರ್ವಿಸಿಗೆ ಪೋರ್ಷೆಯ ಖರ್ಚೇ ಬರುತ್ತೆ ಅಂತ ಗೊತ್ತಾದಾಗ ಕೈ ಬಿಟ್ಟರು. 944ರ ಕ್ಲಚ್ ಬದಲಿಸಬೇಕಂದರೆ ಹಿಂದಿನ ಗೇರ್‌ಬಾಕ್ಸಿನಿಂದ ಹಿಡಿದು ಕಾರಿನ ಅರ್ಧ ಹೊಟ್ಟೆ ಬಿಚ್ಚಬೇಕು. ಟೈಮಿಂಗ್ ಬೆಲ್ಟ್ ಹೊತ್ತಿಗೆ ಸರಿಯಾಗಿ ಬದಲಿಸದೆ ಅದು ತುಂಡಾದರೆ ವಾಲ್ವುಗಳು ಪಿಸ್ಟನ್ನಿಗೆ ಬಡೀತವೆ. ಕಾರಿನ ಬೆಲೆಗಿಂತ ರಿಪೇರಿ ಜಾಸ್ತಿ ಅಂತ ಎಷ್ಟು 944ಗಳು ಬಿಡಿಭಾಗಕ್ಕೆ ಹರಿದುಹೋದವೋ. ಈಗ ಬಾಕ್ಸ್‌ಟರುಗಳಿಗೂ ಅದೇ ಗತಿ ಬರ್ತಿದೆ. ನಾನು ಒಂದು ಗ್ಯಾರೇಜಿಗೆ ಬೇರಿಂಗ್ ಕೆಲಸಕ್ಕೆ ಹೋದಾಗ ಕೌಂಟರಿನಲ್ಲಿದ್ದವರು ಕಾರಿನ ಮುಖವನ್ನೂ ನೋಡದೆ, "ಇದಕ್ಕೆ ಅಷ್ಟು ಖರ್ಚು ಯಾಕೆ, ಮಾರಿಬಿಡಿ" ಅಂದರು. ಅವತ್ತು ಕಾರಿನಲ್ಲಿ ಕೂತು ಅತ್ತಿದ್ದೀನಿ. ಮನೆಯಲ್ಲೂ ಯಾರಿಗೂ ಹೇಳಿರಲಿಲ್ಲ.

ಬಡವರದ್ದು ಅನ್ನೋದು ಬೈಗುಳ ಆದದ್ದು ಯಾವಾಗ? ನಮ್ಮಪ್ಪನ ಗ್ಯಾರೇಜು ನಡೆದದ್ದು ಬಡವರ ಗಾಡಿಗಳಿಂದ. ಪೋರ್ಷೆ ಕಾರ್ಖಾನೆ ಉಳಿದದ್ದೂ ಕೈಗೆಟುಕುವ ಕಾರು ಹುಡುಕಿ ಬಂದವರಿಂದ. ಯುರೋಪಿನಲ್ಲಿ ಪೆಟ್ರೋಲ್ ಬಾಕ್ಸ್‌ಟರಿನ ಮಾಮೂಲಿ ಮಾದರಿಗಳ ಮಾರಾಟ 2024ರಲ್ಲಿ ನಿಂತುಹೋಯಿತು, ಸೈಬರ್ ಸುರಕ್ಷತೆಯ ಹೊಸ ನಿಯಮಕ್ಕೆ ಹಳೇ ವಿನ್ಯಾಸ ಹೊಂದಲಿಲ್ಲ ಅಂತ. ಇರೋ ಕಾರುಗಳನ್ನ ಜೋಪಾನ ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಈ ಬರಹ ಓದಿ ಯಾರಾದರೂ ಸೆಕೆಂಡ್ ಹ್ಯಾಂಡ್ ಬಾಕ್ಸ್‌ಟರ್ ನೋಡೋಕೆ ಹೊರಟರೆ, ಬಣ್ಣಕ್ಕೆ ಬೆಲೆಗೆ ಮರುಳಾಗಬೇಡಿ. ಬಿಲ್ಲುಗಳ ಫೈಲ್ ಕೇಳಿ. ಕ್ಲಚ್ ಯಾವಾಗ ಬದಲಾಯಿತು, ಅದರ ಜೊತೆ ಬೇರಿಂಗ್ ಹಾಕಿಸಿದ್ದಾರಾ ನೋಡಿ. ಎಂಜಿನ್ನೂ ಗೇರ್‌ಬಾಕ್ಸೂ ಸೇರೋ ಜಾಗದಲ್ಲಿ ಆಯಿಲ್ ಒಸರ್ತಿದೆಯಾ ಅಂತ ಕೆಳಗೆ ಬಗ್ಗಿ ನೋಡಿ. ಸೀಟಿನ ಕೆಳಗಿನ ಕಾರ್ಪೆಟ್ ಒತ್ತಿ, ತೇವ ಇದ್ದರೆ ಬಿಟ್ಟು ಬನ್ನಿ. ಮೈಲೇಜ್ ತೀರ ಕಡಿಮೆ ಇರೋದಕ್ಕಿಂತ ದಿನಾ ಓಡಿದ ಕಾರೇ ವಾಸಿ. ಸ್ಟುಟ್‌ಗಾರ್ಟ್ ಸುತ್ತಮುತ್ತ ಆದರೆ ನನಗೆ ಮೆಸೇಜ್ ಹಾಕಿ, ಶನಿವಾರ ಜೊತೆಗೆ ಬರ್ತೀನಿ. ಟಾರ್ಚ್ ನಾನೇ ತರ್ತೀನಿ.