ಲಾರ್ಡ್ ಸಾಹೇಬರ ಚಡ್ಡಿ

ಯೂರೋ ಕಪ್ ಹತ್ತಿರ ಬಂತೆಂದರೆ ಸಾಕು, ಫುಟ್‌ಬಾಲ್ ಅಭಿಮಾನಿಗಳು ನೆನಪಿನ ಅಟ್ಟದಿಂದ ಒಂದು ಹಸಿರು ಚಡ್ಡಿಯನ್ನು ಇಳಿಸಿ, ದೂಳು ಕೊಡವಿ, ಮೆರವಣಿಗೆ ಹೊರಡಿಸುತ್ತಾರೆ. ಯಾರ ಚಡ್ಡಿ ಎಂದು ಕೇಳಬೇಡಿ. 2012ರ ಯೂರೋ ಕಪ್‌ನಲ್ಲಿ, ಜೂನ್ 13ರಂದು ಉಕ್ರೇನಿನ ಲ್ವೀವ್ ನಗರದಲ್ಲಿ ಪೋರ್ಚುಗಲ್ ವಿರುದ್ಧ ಡೆನ್ಮಾರ್ಕಿನ ನಿಕ್ಲಾಸ್ ಬೆಂಟ್ನರ್ ತಮ್ಮ ಎರಡನೆಯ ಗೋಲು ಹೊಡೆದು 2–2 ಮಾಡಿದ್ದು, ಜರ್ಸಿ ಎತ್ತಿ, ಷಾರ್ಟ್ಸ್ ತುಸು ಕೆಳಗಿಳಿಸಿ, ಒಳಗಿನ ಪಟ್ಟಿಯ ಮೇಲಿದ್ದ ಪ್ಯಾಡಿ ಪವರ್ ಎಂಬ ಬಾಜಿ ಕಂಪನಿಯ ಹೆಸರನ್ನು ಲೋಕಕ್ಕೆ ದರ್ಶನ ಮಾಡಿಸಿದ್ದು ನಿಮಗೆ ನನಗಿಂತ ಚೆನ್ನಾಗಿ ನೆನಪಿರುತ್ತದೆ. ಏಳೇ ನಿಮಿಷಗಳಲ್ಲಿ ಪೋರ್ಚುಗಲ್ ಮತ್ತೊಂದು ಗೋಲು ಹೊಡೆದು ಪಂದ್ಯ ಗೆದ್ದುಕೊಂಡು ಹೋಯಿತು ಎಂಬುದು ಮಾತ್ರ ಯಾರಿಗೂ ನೆನಪಿರುವುದಿಲ್ಲ. ವಿಡಿಯೊ ತುಣುಕು ಚಡ್ಡಿಗೆ ಮುಗಿಯುತ್ತದೆ.

ಆ ಚಡ್ಡಿ ಅದೃಷ್ಟದ್ದೆಂದು ಸಾಹೇಬರೇ ಆಮೇಲೆ ವಿವರಣೆ ಕೊಟ್ಟರು. ಮೊದಲ ಪಂದ್ಯದಲ್ಲೂ ಅದನ್ನೇ ತೊಟ್ಟಿದ್ದರಂತೆ. ಸೋತ ಪಂದ್ಯದ ನಂತರವೂ ಚಡ್ಡಿಯ ಅದೃಷ್ಟದ ಬಗ್ಗೆ ಮಾತನಾಡಬಲ್ಲ ಧೈರ್ಯಕ್ಕೆ ನಾವು ತಲೆಬಾಗಲೇಬೇಕು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆ ಕಟ್ಟಿದವನು ಈ ಜಟ್ಟಿಯನ್ನು ಕಂಡಿರಲಿಲ್ಲ. ಇವರು ಬಿದ್ದದ್ದನ್ನೇ ಒಪ್ಪುವವರಲ್ಲ.

ಇದಕ್ಕೆ ವೈಜ್ಞಾನಿಕ ಆಧಾರವೂ ಇದೆ. ಬೆಂಟ್ನರ್ ಲಂಡನ್ನಿನ ಆರ್ಸೆನಲ್ ಕ್ಲಬ್ಬಿನಲ್ಲಿದ್ದಾಗ ಜಾಕ್ ಕ್ರೆವುವಾಸಿಯೇ ಎಂಬ ಕ್ರೀಡಾ ಮನಶ್ಶಾಸ್ತ್ರಜ್ಞರು ಆಟಗಾರರಿಗೆ ಪ್ರಶ್ನಾವಳಿ ಕೊಟ್ಟು, ಯಾರಿಗೆ ತನ್ನ ಸಾಮರ್ಥ್ಯದ ಮೇಲೆ ಎಷ್ಟು ನಂಬಿಕೆ ಎಂದು ಅಳೆದರು. ಗರಿಷ್ಠ ಅಂಕ ಒಂಬತ್ತು. ಬೆಂಟ್ನರ್ ಹತ್ತು ಪಡೆದರು. ಪರೀಕ್ಷೆಯಲ್ಲಿ ನೂರಕ್ಕೆ ನೂರು ತೆಗೆದವರನ್ನು ಕಂಡಿದ್ದೇವೆ, ಪ್ರಶ್ನೆಪತ್ರಿಕೆಯನ್ನೇ ಮೀರಿ ಬೆಳೆದವರು ಇವರೊಬ್ಬರೇ. ಅಭಿಮಾನಿಗಳು ಇವರಿಗೆ 'ಲಾರ್ಡ್' ಎಂದು ಪಟ್ಟ ಕಟ್ಟಿದ್ದು ಹೀಗೆ. ರಾಣಿಯೂ ಇಲ್ಲ, ಕತ್ತಿಯೂ ಇಲ್ಲ, ಹೆಗಲ ಮೇಲೆ ತಟ್ಟುವ ಶಾಸ್ತ್ರವೂ ಇಲ್ಲ. ಮೊದಲು ಗೇಲಿಗೆ ಕರೆದರು, ಆಮೇಲೆ ರೂಢಿಗೆ ಕರೆದರು, ಕೊನೆಗೆ ಗೇಲಿ ಯಾವುದು ಭಕ್ತಿ ಯಾವುದು ಎಂದು ಕರೆಯುವವರಿಗೇ ಗೊತ್ತಾಗದಂತಾಯಿತು. ಜುವೆಂಟಸ್ ಕ್ಲಬ್ಬಿಗೆ ಎರವಲು ಹೋಗಿ ಒಂದೂ ಗೋಲು ಹೊಡೆಯದೆ 2012–13ರ ಇಟಲಿಯ ಲೀಗ್ ಪ್ರಶಸ್ತಿಯಲ್ಲಿ ಪಾಲು ಪಡೆದು ಬಂದವರನ್ನು ಇನ್ನೇನೆಂದು ಕರೆಯಬೇಕು? ಹೊಲದಲ್ಲಿ ಬೆವರು ಸುರಿಸದೆ ಫಸಲು ಪಡೆಯುವವರಿಗೆ ಹಿಂದಿನಿಂದಲೂ ಇದೇ ಬಿರುದು.

ಚಡ್ಡಿಗೆ ಹಿಂದಿರುಗೋಣ. ಅದಕ್ಕೂ ಇವರಿಗೂ ಹಳೆಯ ನಂಟು. 2009ರ ಮೇ ತಿಂಗಳಲ್ಲಿ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಆರ್ಸೆನಲ್ ತಂಡ ಮ್ಯಾಂಚೆಸ್ಟರ್ ಯುನೈಟೆಡ್ ಕೈಯಲ್ಲಿ ಸೋತ ರಾತ್ರಿ, ಲಂಡನ್ನಿನ ನೈಟ್‌ಕ್ಲಬ್ ಒಂದರಿಂದ ಪ್ಯಾಂಟು ಮೊಣಕಾಲಿಗಿಳಿದ ಸ್ಥಿತಿಯಲ್ಲಿ ಹೊರಬಂದು ಕ್ಯಾಮೆರಾಕ್ಕೆ ಸಿಕ್ಕವರು ಇವರೇ. ಆಗ ಕ್ಷಮೆ ಕೇಳಿದರು. ಲ್ವೀವ್‌ನಲ್ಲಿ ಕೇಳಿದ್ದು ಬೆಲೆ.

ಬೆಲೆ ಎಂದೆನಲ್ಲ, ಅದು ಒಂದು ಲಕ್ಷ ಯೂರೊ. ಪ್ರಾಯೋಜಕನಲ್ಲದ ಕಂಪನಿಯ ಹೆಸರು ಮೈದಾನದಲ್ಲಿ ತೋರಿಸಿದ್ದಕ್ಕೆ ಯೂರೋಪಿನ ಫುಟ್‌ಬಾಲ್ ಸಂಸ್ಥೆ ಯುಯೆಫಾ ವಿಧಿಸಿದ ದಂಡ ಅದು. ಜೊತೆಗೆ ಒಂದು ಪಂದ್ಯದ ನಿಷೇಧ. ದಂಡವನ್ನು ತಾನೇ ಕಟ್ಟುವೆನೆಂದು ಬಾಜಿ ಕಂಪನಿ ಹೇಳಿತು. ಏಕೆ ಹೇಳುವುದಿಲ್ಲ? ಅಷ್ಟು ಅಗ್ಗಕ್ಕೆ ಅಷ್ಟು ಜಾಹೀರಾತು ಯಾವ ಪತ್ರಿಕೆಯಲ್ಲೂ ಸಿಗುವುದಿಲ್ಲ.

ಈ ಒಂದು ಲಕ್ಷವನ್ನು ಸರಿಯಾಗಿ ಸವಿಯಬೇಕಾದರೆ ಆ ವರ್ಷದ ಪೂರ್ತಿ ದರಪಟ್ಟಿ ಕೈಯಲ್ಲಿರಬೇಕು. 2012ರ ಫೆಬ್ರವರಿಯಲ್ಲಿ ಮ್ಯಾಂಚೆಸ್ಟರ್ ಸಿಟಿಯ ಮಾರಿಯೊ ಬಲೊಟೆಲ್ಲಿ ಮತ್ತು ಯಾಯಾ ಟೂರೆ ಅವರ ಮೈಬಣ್ಣವನ್ನು ಹೀಯಾಳಿಸಿ ಪೋರ್ಟೊ ತಂಡದ ಪ್ರೇಕ್ಷಕರು ಕೂಗಿದರು. ಪೋರ್ಟೊ ಕ್ಲಬ್ಬಿಗೆ ದಂಡ 20 ಸಾವಿರ ಯೂರೊ. ಮರು ತಿಂಗಳು ಅದೇ ಮ್ಯಾಂಚೆಸ್ಟರ್ ಸಿಟಿ ತಂಡ ವಿರಾಮದ ನಂತರ ಮೈದಾನಕ್ಕೆ ಒಂದು ನಿಮಿಷಕ್ಕೂ ಕಡಿಮೆ ಹೊತ್ತು ತಡವಾಗಿ ಬಂದಿತು. ದಂಡ 30 ಸಾವಿರ. ಬೆಂಟ್ನರ್ ಚಡ್ಡಿ ತೋರಿಸಿದ ಮಾರನೆಯ ದಿನವೇ ಪೋಲೆಂಡಿನ ಪೊಜ್ನಾನ್‌ನಲ್ಲಿ ಇಟಲಿಯ ಪರ ಆಡುತ್ತಿದ್ದ ಅದೇ ಬಲೊಟೆಲ್ಲಿಯ ಮೇಲೆ ಕ್ರೊಯೇಷಿಯಾದ ಕೆಲವು ಪ್ರೇಕ್ಷಕರು ಜನಾಂಗೀಯ ನಿಂದನೆ ಸುರಿದರು. ಮೈದಾನಕ್ಕೆ ಬಾಳೆಹಣ್ಣೂ ಬಿತ್ತು. ಉರಿಯುವ ಪಟಾಕಿಗಳನ್ನೂ ಎಸೆದರು. ಎಲ್ಲ ಸೇರಿಸಿ ಕ್ರೊಯೇಷಿಯಾ ಸಂಸ್ಥೆಗೆ 80 ಸಾವಿರ. ಗಮನಿಸಿ, ಪಟಾಕಿಯೂ ಅದರೊಳಗೇ ಸೇರಿದೆ. ಬಿಡಿಬಿಡಿಯಾಗಿ ಕೊಂಡಿದ್ದರೆ ಎಷ್ಟಾಗುತ್ತಿತ್ತೋ.

ಬಲೊಟೆಲ್ಲಿ ಒಂದು ಹಸಿರು ಚಡ್ಡಿ ಕೊಂಡು ಯುಯೆಫಾ ಕಚೇರಿಯ ಬಾಗಿಲಿಗೆ ಹೋಗಿದ್ದರೆ ನ್ಯಾಯ ಬೇಗ ಸಿಗುತ್ತಿತ್ತು. ನಮ್ಮ ಹಿರಿಯರು 'ಕೌಪೀನ ಸಂರಕ್ಷಣಾರ್ಥಂ ಅಯಂ ಪಟಾಟೋಪಃ' ಎನ್ನುತ್ತಿದ್ದರು. ಸನ್ಯಾಸಿಯೊಬ್ಬ ಲಂಗೋಟಿಯನ್ನು ಇಲಿಗಳಿಂದ ಕಾಪಾಡಲು ಬೆಕ್ಕು ಸಾಕಿದ, ಬೆಕ್ಕಿಗೆ ಹಾಲು ಬೇಕೆಂದು ಹಸು ತಂದ, ಹಸು ನೋಡಿಕೊಳ್ಳಲು ಮದುವೆಯಾದ; ಕೊನೆಗೆ ಸಂಸಾರವೇ ಉಳಿಯಿತು, ಸನ್ಯಾಸ ಹೋಯಿತು. ಯುಯೆಫಾದ ಕಥೆ ಅದರ ಪಕ್ಕದ ಮನೆಯದು. ಮೊದಲು ಆಟ ಇತ್ತು, ಆಟ ನಡೆಸಲು ಹಣ ಬೇಕಾಯಿತು, ಹಣಕ್ಕೆ ಪ್ರಾಯೋಜಕರು ಬೇಕಾದರು, ಪ್ರಾಯೋಜಕರನ್ನು ಕಾಯಲು ನಿಯಮಗಳು ಬೇಕಾದವು, ನಿಯಮ ಕಾಯಲು ಶಿಸ್ತು ಸಮಿತಿ ಬೇಕಾಯಿತು. ಇಷ್ಟೆಲ್ಲ ಸಂಸಾರ ಕಟ್ಟಿಕೊಂಡ ಮೇಲೆ ಒಬ್ಬ ಕರಿಯ ಆಟಗಾರನ ಮುಖದ ಮುಂದೆ ಬಾಳೆಹಣ್ಣು ಬಿದ್ದದ್ದನ್ನು ನೋಡಲು ಯಾರಿಗೆ ಪುರುಸೊತ್ತು? ಸನ್ಯಾಸಿ ಲಂಗೋಟಿಯನ್ನು ಇಲಿಗಳಿಂದ ಕಾಪಾಡಿದ. ಇವರು ಪ್ರಾಯೋಜಕರನ್ನು ಲಂಗೋಟಿಯಿಂದ ಕಾಪಾಡಿದರು.

ಬಾಜಿಯ ವಿರುದ್ಧ ಯುಯೆಫಾಕ್ಕೆ ತಾತ್ವಿಕ ಹಗೆ ಇದ್ದಿದ್ದರೆ ಮೆಚ್ಚಬಹುದಿತ್ತು. 2024ರ ಯೂರೋದಲ್ಲಿ ಮೈದಾನದ ಸುತ್ತಲಿನ ಫಲಕಗಳಲ್ಲಿ ಬೆಟಾನೊ ಎಂಬ ಬಾಜಿ ಕಂಪನಿಯ ಹೆಸರು ಓಡುತ್ತಿದ್ದುದನ್ನು ಕಂಡವರು ಆ ಭ್ರಮೆಯನ್ನು ಬಿಟ್ಟಿರುತ್ತಾರೆ. ಅದು ಟೂರ್ನಿಯ ಅಧಿಕೃತ ಪ್ರಾಯೋಜಕ. ಹನ್ನೆರಡು ವರ್ಷಗಳಲ್ಲಿ ಪಾಪ ಪುಣ್ಯವಾಯಿತು, ಮಧ್ಯೆ ಬದಲಾದದ್ದು ರಸೀದಿ ಯಾರ ಹೆಸರಿನಲ್ಲಿ ಎಂಬುದೊಂದೇ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಕ್ಲಬ್ಬುಗಳು ಇನ್ನೂ ಸೂಕ್ಷ್ಮಮತಿಗಳು. 2025–26ರ ಋತು ಮುಗಿದ ಮೇಲೆ ಜರ್ಸಿಯ ಎದೆಯ ಮೇಲೆ ಬಾಜಿ ಕಂಪನಿಗಳ ಹೆಸರು ಇರಕೂಡದೆಂದು 2023ರಲ್ಲಿ ತಾವೇ ಒಪ್ಪಿಕೊಂಡವು. ತೋಳಿನ ಮೇಲೆ ಇರಬಹುದು. ಎದೆಯಲ್ಲಿ ಜೂಜು ಅನೈತಿಕ, ಭುಜದಲ್ಲಿ ಸರಿ, ಸೊಂಟದಲ್ಲಿ ಒಂದು ಲಕ್ಷ. ಅಂಗಾಂಗಗಳ ಈ ಧರ್ಮಶಾಸ್ತ್ರವನ್ನು ಬರೆದ ಮಹಾನುಭಾವರಿಗೆ ಯಾವ ಪೀಠ ಕೊಟ್ಟರೂ ಕಡಿಮೆ.

ಇಲ್ಲಿಂದ ಬಹುವಚನ ಬಿಡುತ್ತೇನೆ. ಇಷ್ಟು ಹೊತ್ತು ಸಾಹೇಬರು, ಅವರು, ಇವರು ಎಂದು ಬರೆದು ಕೈ ಸೋತಿದೆ.

ಆ ಚಡ್ಡಿ ತೊಟ್ಟವನು ಜೂಜಿನಲ್ಲಿ ತಾನು ಅಪಾರ ಹಣ ಕಳೆದುಕೊಂಡೆ ಎಂದು ಮುಂದೆ ತಾನೇ ಹೇಳಿಕೊಂಡ. ನಾವು ನಕ್ಕ ಆ ತುಣುಕಿನಲ್ಲಿ ಇರುವುದು, ಜೂಜು ತಿನ್ನುತ್ತಿದ್ದ ಹುಡುಗನೊಬ್ಬ ಜೂಜಿನ ಕಂಪನಿಯ ಹೆಸರನ್ನು ಸೊಂಟಕ್ಕೆ ಸುತ್ತಿಕೊಂಡು ಕುಣಿಯುವುದು. ಇದರಲ್ಲಿ ನಗುವಂಥದ್ದು ಏನಿತ್ತು ಎಂದು ಈಗ ಹುಡುಕಿದರೆ ಸಿಗುವುದಿಲ್ಲ. 2013ರಲ್ಲಿ ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದ. ಡೆನ್ಮಾರ್ಕ್ ಸಂಸ್ಥೆ ಆರು ತಿಂಗಳು ತಂಡದಿಂದ ಹೊರಗಿಟ್ಟಿತು. ಅಭಿಮಾನಿಗಳು ಅದನ್ನೂ ಬಿರುದಾವಳಿಗೆ ಸೇರಿಸಿಕೊಂಡರು. 2018ರ ಸೆಪ್ಟೆಂಬರ್‌ನಲ್ಲಿ ಕೋಪನ್‌ಹೇಗನ್‌ನಲ್ಲಿ ಟ್ಯಾಕ್ಸಿ ಚಾಲಕನೊಬ್ಬನ ದವಡೆ ಮುರಿಯಿತು. ತನಗೆ ಬೆದರಿಕೆಯಿತ್ತು ಎಂದು ಬೆಂಟ್ನರ್ ವಾದಿಸಿದ. ನ್ಯಾಯಾಲಯ 50 ದಿನಗಳ ಶಿಕ್ಷೆ ವಿಧಿಸಿತು. ಮೇಲ್ಮನವಿ ಹಾಕಿ, ಆಮೇಲೆ ಹಿಂತೆಗೆದುಕೊಂಡು, ಕಾಲಿಗೆ ಎಲೆಕ್ಟ್ರಾನಿಕ್ ಪಟ್ಟಿ ಕಟ್ಟಿಸಿಕೊಂಡು ಮನೆಯಲ್ಲೇ ಶಿಕ್ಷೆ ಮುಗಿಸಿದ. ಅದಕ್ಕೂ 'ಲಾರ್ಡ್' ಎಂದೇ ಉಘೇ ಉಘೇ. ದವಡೆ ಮುರಿಸಿಕೊಂಡವನು ಯಾವ ಹಾಸ್ಯಕ್ಕೂ ಪಾತ್ರಧಾರಿಯಾಗಲು ಒಪ್ಪಿರಲಿಲ್ಲ. ಅವನು ಬಾಡಿಗೆಗೆ ಬಂದಿದ್ದ, ಅಷ್ಟೆ. ಗೇಲಿಯ ಬಿರುದು ಎಷ್ಟು ಅನುಕೂಲದ ವಸ್ತು ನೋಡಿ. ಒಮ್ಮೆ ಕೊಟ್ಟುಬಿಟ್ಟರೆ ಆಮೇಲೆ ಅವನು ಮಾಡುವುದೆಲ್ಲ ನಗೆಹನಿ. ಏಟು ತಿಂದವನು ನಗದಿದ್ದರೆ ಅವನಿಗೇ ಹಾಸ್ಯಪ್ರಜ್ಞೆ ಇಲ್ಲ.

ಸರಿ, ಸಿಟ್ಟು ಇಳಿಯಿತು. ಇಳಿಯುವುದೇ ತೊಂದರೆ.

ಏಕೆಂದರೆ ಈ ಮನುಷ್ಯ ಪೂರ್ತಿ ದ್ವೇಷಿಸಲು ಬಿಡುವುದಿಲ್ಲ. 2009ರಲ್ಲಿ ತನ್ನ ಜರ್ಸಿ ಸಂಖ್ಯೆಯನ್ನು 26ರಿಂದ 52ಕ್ಕೆ ಬದಲಿಸಿಕೊಂಡಾಗ, ಹಳೆಯ ಸಂಖ್ಯೆಯ ಜರ್ಸಿ ಕೊಂಡಿದ್ದ ಅಭಿಮಾನಿಗಳಿಗೆ ತನ್ನ ಜೇಬಿನಿಂದಲೇ ಹಣ ಕೊಡುವೆನೆಂದ. 2007ರ ಡಿಸೆಂಬರ್‌ನಲ್ಲಿ ಟಾಟನ್‌ಹ್ಯಾಮ್ ವಿರುದ್ಧ ಬದಲಿ ಆಟಗಾರನಾಗಿ ಬಂದು ಆರು ಸೆಕೆಂಡುಗಳಲ್ಲಿ ತಲೆಯಿಂದ ಗೋಲು ಹೊಡೆದು ಪಂದ್ಯ ಗೆಲ್ಲಿಸಿದ. ವುಲ್ಫ್ಸ್‌ಬರ್ಗ್ ಸೇರಿದ ಮೇಲೆ 2015ರ ಜರ್ಮನ್ ಸೂಪರ್ ಕಪ್‌ನಲ್ಲಿ ಬಯರ್ನ್ ಮ್ಯೂನಿಕ್ ವಿರುದ್ಧ ಕೊನೆಯ ಗಳಿಗೆಯಲ್ಲಿ ಸಮಬಲದ ಗೋಲು ಹೊಡೆದು, ನಂತರ ನಿರ್ಣಾಯಕ ಪೆನಾಲ್ಟಿಯನ್ನೂ ಹೊಡೆದ. ಅದೇ ವರ್ಷ ಮರ್ಸಿಡಿಸ್ ಕಾರಿನ ಪಕ್ಕ ನಿಂತು ಫೋಟೊ ಹಾಕಿಕೊಂಡ. ವುಲ್ಫ್ಸ್‌ಬರ್ಗ್ ಎಂದರೆ ಫೋಕ್ಸ್‌ವ್ಯಾಗನ್ ಕಂಪನಿಯ ಒಡೆತನದ ಕ್ಲಬ್. ಅತ್ತೆಯ ಮನೆಯಲ್ಲಿ ಕುಳಿತು ನೆರೆಮನೆಯ ಸಾರನ್ನು ಹೊಗಳುವ ಅಳಿಯನ ಮೇಲೆ ಸಿಟ್ಟಾಗಬಹುದು, ನಗದೇ ಇರಲಾಗುವುದಿಲ್ಲ.

ಇನ್ನು ಬಾರ್ಸಿಲೋನಾ. 2011ರ ಮಾರ್ಚ್ 8, ಬಾರ್ಸಿಲೋನಾದ ತವರು ಮೈದಾನ ಕ್ಯಾಂಪ್ ನೌ, ಚಾಂಪಿಯನ್ಸ್ ಲೀಗ್‌ನ ಎರಡು ಪಂದ್ಯಗಳ ಸುತ್ತಿನ ಎರಡನೆಯದು. ಆರ್ಸೆನಲ್ 3–1ರಿಂದ ಹಿಂದೆ. ಅವರ ಖಾತೆಯ ಆ ಒಂದು ಗೋಲನ್ನೂ ಎದುರಾಳಿಯೇ ಉದಾರವಾಗಿ ಹೊಡೆದುಕೊಟ್ಟದ್ದು. ಇನ್ನೊಂದು ಗೋಲು ಬಿದ್ದರೆ ಎರಡೂ ಪಂದ್ಯಗಳ ಒಟ್ಟು ಗೋಲು ಸಮ; ಆಗ ಎದುರಾಳಿಯ ನೆಲದಲ್ಲಿ ಹೆಚ್ಚು ಗೋಲು ಹೊಡೆದವರು ಗೆದ್ದರೆಂಬ ಹೊರನೆಲದ ಗೋಲಿನ ಲೆಕ್ಕದಲ್ಲಿ ಆರ್ಸೆನಲ್ ಮುಂದಿನ ಸುತ್ತಿಗೆ. ಪಂದ್ಯ ಮುಗಿಯುತ್ತ ಬಂದಾಗ ಜೊತೆಗಾರ ಜಾಕ್ ವಿಲ್ಷೇರ್ ಚೆಂಡು ತಳ್ಳುತ್ತಾರೆ, ಬೆಂಟ್ನರ್ ಎದುರು ಗೋಲ್‌ಕೀಪರ್ ಒಬ್ಬನೇ, ಚೆಂಡಿಗೆ ಮೊದಲ ಸ್ಪರ್ಶ. ಆ ಸ್ಪರ್ಶ! ಚೆಂಡು ಅವನ ಬೂಟಿನಿಂದ ಹಳೆಯ ಸಾಲ ಕೊಟ್ಟವನನ್ನು ಕಂಡಂತೆ ಓಡಿಹೋಯಿತು. ಬಾರ್ಸಿಲೋನಾದ ಮಸ್ಕರಾನೊ ಬಂದು ಕಿತ್ತುಕೊಂಡ. ಆರ್ಸೆನಲ್ ಅಭಿಮಾನಿಗಳು ಇಂದಿಗೂ ಆ ಚೆಂಡನ್ನು ಕನಸಿನಲ್ಲಿ ಸರಿಯಾಗಿ ನಿಲ್ಲಿಸುತ್ತಿರುತ್ತಾರೆ. ಬೈಯುವವರೂ ಅವರೇ, ಲಾರ್ಡ್ ಎನ್ನುವವರೂ ಅವರೇ. ದೊಡ್ಡ ಆಟಗಾರರು ಗೆಲುವನ್ನು ತಮ್ಮ ಹೆಸರಿಗೆ ಬರೆಸಿಕೊಂಡು ಹೋಗುತ್ತಾರೆ. ನಮ್ಮಂತೆ ಸುಲಭದ ಚೆಂಡು ಬಿಟ್ಟು, ನಮ್ಮಂತಲ್ಲದೆ ಮರುದಿನವೂ ಎದೆಯುಬ್ಬಿಸಿ ನಡೆಯುವವನು ಬೇರೆಯೇ ಕಾರಣಕ್ಕೆ ಬೇಕಾಗುತ್ತಾನೆ.

ಅಂದ ಹಾಗೆ, ಚಡ್ಡಿಗಾಗಿ ವಿಧಿಸಿದ ಆ ಒಂದು ಪಂದ್ಯದ ನಿಷೇಧ ವಿಶ್ವಕಪ್ ಅರ್ಹತಾ ಸುತ್ತಿಗೆ ಮುಂದುವರಿಯಿತು. 2012ರ ಸೆಪ್ಟೆಂಬರ್‌ನಲ್ಲಿ ಕೋಪನ್‌ಹೇಗನ್‌ನಲ್ಲಿ ಜೆಕ್ ಗಣರಾಜ್ಯದ ಎದುರು ಡೆನ್ಮಾರ್ಕ್ ಅವನಿಲ್ಲದೆ ಆಡಿತು. ಫಲಿತಾಂಶ 0–0. ಮೇಲೆ ಇಷ್ಟೆಲ್ಲ ಬೈದ ನಾನೂ ಮೊನ್ನೆ ಆ ಅಂಕಪಟ್ಟಿ ನೋಡಿದೊಡನೆ, ಅವನಿದ್ದಿದ್ದರೆ ಗೋಲು ಹೊಡೆಯುತ್ತಿದ್ದ ಎಂದುಕೊಂಡೆ. ಖಂಡಿತ ಹೊಡೆಯುತ್ತಿದ್ದ. ಒಂಬತ್ತರಲ್ಲಿ ಹತ್ತು ಸಲ.