ಸೈಕಲ್ಲಿಗೆ ಕಾಲಂ ಇಲ್ಲ ಮಾರಾಯ್ರೆ

ಕಳಸದಲ್ಲಿ ಬೆಳಿಗ್ಗೆ ತಿಂಡಿ ಮುಗಿಸಿ ಹೊರಡುವುದು. ಸಂಸೆ, ಕುದುರೆಮುಖ, ಎಸ್.ಕೆ. ಬಾರ್ಡರ್, ಕೆರೆಕಟ್ಟೆ ದಾಟಿ ಶೃಂಗೇರಿಯಲ್ಲಿ ರಾತ್ರಿ ಮಲಗುವುದು. ಮರುದಿನ ಜಯಪುರ, ಬಸರಿಕಟ್ಟೆ ಸುತ್ತಿಕೊಂಡು ಮತ್ತೆ ಕಳಸ. ನಡುವೆ ಒಂದು ಕಡೆ ಟಾರು ಬಿಟ್ಟು ಕಾಡಿನ ಮಣ್ಣುದಾರಿಗೆ ಇಳಿಯುವುದು. ಬೆಂಗಳೂರಿನಲ್ಲಿ ಫ್ಯಾನಿನ ಕೆಳಗೆ ಕೂತು ನಾವು ಮೂವರು ಗೆಳೆಯರು ಹಾಕಿದ ಸೈಕಲ್ ಯಾತ್ರೆಯ ಪ್ಲಾನ್ ಇದು. ಫೋನಿನ ಮ್ಯಾಪಿನಲ್ಲಿ ಬೆರಳಿಟ್ಟು ಎಳೆದರೆ ಘಾಟಿಗಳೆಲ್ಲ ಎರಡು ನಿಮಿಷದಲ್ಲಿ ಮುಗಿದವು. ಏರಿಳಿತದ ಚಿತ್ರ ಮಾತ್ರ ನಮ್ಮಜ್ಜಿಯ ಬಾಯಲ್ಲಿ ಉಳಿದ ಹಲ್ಲುಗಳ ಹಾಗೆ ಕಾಣಿಸಿತು.

ನಮ್ಮ ಬಗ್ಗೆಯೂ ಹೇಳಿಬಿಡುತ್ತೇನೆ. ನಮ್ಮ ಸೈಕಲ್ಲುಗಳ ಬೆಲೆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಒಬ್ಬ ಗೆಳೆಯ ಕಾರ್ಬನ್ ಸೀಟುಕಂಬ ಹಾಕಿಸಿ 200 ಗ್ರಾಂ ಭಾರ ಇಳಿಸಿದ್ದಾನೆ, ಹೊಟ್ಟೆಯಲ್ಲಿ 12 ಕಿಲೋ ಹಾಗೇ ಇಟ್ಟುಕೊಂಡಿದ್ದಾನೆ. ಪರಿಸರಕ್ಕೆ ತೊಂದರೆ ಆಗಬಾರದು ಎಂದು ಸೈಕಲ್ ತುಳಿಯುವ ನಾವು, ಆ ಸೈಕಲ್ಲುಗಳನ್ನು ಎರಡು ಡೀಸೆಲ್ ಕಾರುಗಳ ಬೆನ್ನಿಗೆ ಕಟ್ಟಿ 300 ಚಿಲ್ಲರೆ ಕಿಲೋಮೀಟರ್ ಸಾಗಿಸಬೇಕಿತ್ತು. ಈ ಲೆಕ್ಕ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಕಾಡು ಅಂದ ಮೇಲೆ ಕಾನೂನು ನೋಡಬೇಕಲ್ವಾ? ನೋಡಿದೆ. 1972ರ ವನ್ಯಜೀವಿ ಕಾಯ್ದೆಯ 27ನೇ ಕಲಂ ಅಭಯಾರಣ್ಯದೊಳಗೆ ಯಾರು ಕಾಲಿಡಬಹುದು ಅಂತ ಹೇಳುತ್ತದೆ. ನಮ್ಮ ದಾರಿ ಹಾಯುವ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೂ ಅದೇ ಅನ್ವಯ. ಕೆಲಸದ ಮೇಲೆ ಬಂದ ಸರ್ಕಾರಿ ನೌಕರ, ಒಳಗೆ ಆಸ್ತಿ ಇರುವವನು, ಅನುಮತಿ ಪಡೆದವನು ಬರಬಹುದು. ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವನೂ ಬರಬಹುದು. ಈ ಕೊನೆಯವನೇ ನಾನು. ಆದರೆ ಹಾದುಹೋಗುತ್ತಲೇ ಇರಬೇಕು. ಗೇಟಿನಲ್ಲಿ ಹೊಕ್ಕ ಸಮಯ ಬರೆದ ಚೀಟಿ ಕೊಡುತ್ತಾರೆ, ದಾಟಲು ಕೊಡುವ ಹೊತ್ತು ಕಾರಿನ ಲೆಕ್ಕದ್ದು. ಏರಿನಲ್ಲಿ ನನ್ನ ವೇಗಕ್ಕೆ ಇಂಬಳ (ಜಿಗಣೆ) ಕೂಡ ಹಿಂದಿನಿಂದ ಬಂದು ಓವರ್‌ಟೇಕ್ ಮಾಡುತ್ತದೆ. ಇನ್ನು ಪಂಕ್ಚರ್ ಆದರೆ? ಟ್ಯೂಬು ಬಿಚ್ಚುವ ಹೊತ್ತಿಗೆ ನಾನು ಹಾದುಹೋಗುವವನೋ, ಒಳಗೆ ಉಳಿದವನೋ?

ಮಣ್ಣುದಾರಿಗೆ ಅನುಮತಿ ಬೇಕೇ ಬೇಕು. 28ನೇ ಕಲಮಿನಲ್ಲಿ ಅದಕ್ಕೆ ಕಾರಣಗಳಿವೆ: ಸಂಶೋಧನೆ, ಫೋಟೋಗ್ರಫಿ, ಪ್ರವಾಸ ಇತ್ಯಾದಿ. ಯಾವುದರ ಮೇಲೆ ಕೂತು ಬರುತ್ತೀಯ ಅಂತ ಆ ಕಲಂ ಕೇಳುವುದಿಲ್ಲ. ಧೈರ್ಯ ಬಂತು. ಅರ್ಜಿ ಬರೆದುಕೊಂಡು ಮಲೆನಾಡಿನ ಒಂದು ಕಚೇರಿಗೆ ಹೋದೆ. ಯಾವ ಕಚೇರಿ, ಯಾವ ದಾರಿ ಅಂತ ಕೇಳಬೇಡಿ, ಅಲ್ಲಿ ಇನ್ನೂ ಅರ್ಜಿ ಹಾಕುವುದಿದೆ.

ಗುಮಾಸ್ತರು ಒಳ್ಳೆಯವರು. ಕೂರಿಸಿದರು. ಕನ್ನಡಕ ಏರಿಸಿ ಅರ್ಜಿಯನ್ನು ಎರಡು ಸಲ ಓದಿದರು.

"ಎಂತ ಮಾರಾಯ್ರೆ, ಕಾಡಲ್ಲಿ ಸೈಕಲ್ಲಾ? ನಡ್ಕೊಂಡು ಹೋಗೋದಾ, ಗಾಡಿಯಲ್ಲಿ ಹೋಗೋದಾ, ಸರಿಯಾಗಿ ಹೇಳಿ."

"ಸೈಕಲ್ಲಲ್ಲಿ ಸರ್."

"ಅಂದ್ರೆ ಗಾಡಿ. ನಂಬರ್ ಹೇಳಿ."

"ಸೈಕಲ್ಲಿಗೆ ನಂಬರ್ ಇರಲ್ಲ ಸರ್."

"ನಂಬರ್ ಇಲ್ಲದ ಗಾಡಿ ಒಳಗೆ ಬಿಡ್ಲಿಕ್ಕೆ ಆಗಲ್ಲ."

"ಹಾಗಾದ್ರೆ ಚಾರಣ ಅಂತ ಬರ್ಕೊಳ್ಳಿ."

"ಚಾರಣಕ್ಕೆ ಕಾಲಲ್ಲಿ ಹೋಗಬೇಕು."

"ಪೆಡಲ್ ತುಳಿಯೋದೂ ಕಾಲಲ್ಲೇ ಅಲ್ವಾ ಸರ್?"

ಅವರು ಪೆನ್ನಿನ ತುದಿಯಿಂದ ಕಿವಿ ತುರಿಸಿಕೊಂಡರು. ಪಕ್ಕದ ಟೇಬಲ್ಲಿನವರನ್ನು ಕೇಳಿದರು. ಅವರು ಇನ್ನೊಬ್ಬರನ್ನು ಕೇಳಿದರು. ಟೀ ಬಂತು, ನನಗೂ ಕೊಟ್ಟರು. ಕೊನೆಗೆ ಫಾರಂ ನನ್ನ ಕಡೆ ತಿರುಗಿಸಿ ತೋರಿಸಿದರು: ಕಾರು, ಜೀಪು, ಬೈಕು, ಇತರೆ. "ಇತರೆ ಇದೆಯಲ್ಲ ಸರ್?" ಅಂದೆ. "ಅದು ಮಿನಿ ಬಸ್ಸಿಗೆ" ಅಂದರು.

ಹೊರಗೆ ಅಂಗಳದಲ್ಲಿ ಬಾಡಿಗೆ ಜೀಪುಗಳು ಸಾಲಾಗಿ ನಿಂತಿದ್ದವು. ಮಲೆನಾಡಿನಲ್ಲಿ ಜೀಪು ಬೆಟ್ಟ ಏರುವುದನ್ನು ನೀವು ನೋಡಿರಬಹುದು. ಕೊಡಚಾದ್ರಿ ಇರುವುದು ಮೂಕಾಂಬಿಕಾ ಅಭಯಾರಣ್ಯದಲ್ಲಿ. ಅಲ್ಲಿ ಮಳೆ ಬಿದ್ದ ದಿನ ಜೀಪಿನ ಚಕ್ರ ಕೆಂಪು ಕೆಸರಿನಲ್ಲಿ ಗಿರ್ರನೆ ತಿರುಗುತ್ತದೆ, ಕಲ್ಲು ಹಿಂದಕ್ಕೆ ಸಿಡಿಯುತ್ತದೆ, ಒಳಗಿನವರು ಒಬ್ಬರ ಮಡಿಲಿಗೆ ಇನ್ನೊಬ್ಬರು ಬೀಳುತ್ತಾರೆ. ಚಕ್ರ ಕೊರೆದ ಕಾಲುವೆಯಲ್ಲಿ ಒಬ್ಬ ಮನುಷ್ಯ ಆರಾಮಾಗಿ ಮಲಗಬಹುದು. ಅದು ಪ್ರವಾಸೋದ್ಯಮ. ಎರಡಿಂಚು ಅಗಲದ ನನ್ನ ಟೈರಿಗೆ ಮಾತ್ರ ಕಾಡಿನೊಳಗೆ ಜಾಗ ಇಲ್ಲವಂತೆ.

ಕುದುರೆಮುಖದ ಗುಡ್ಡಗಳಿಗೆ ಈ ಮಾತು ಕೇಳಿದರೆ ಏನನ್ನಿಸುತ್ತದೋ! 1987ರಲ್ಲಿ ಅದನ್ನು ರಾಷ್ಟ್ರೀಯ ಉದ್ಯಾನ ಅಂತ ಘೋಷಿಸಿದಾಗ ನಡುವೆ ಗಣಿ ಜೋರಾಗಿ ನಡೆಯುತ್ತಿತ್ತು. ಗುಡ್ಡ ಒಡೆದು, ಅದಿರನ್ನು ನೀರಲ್ಲಿ ಕಲಸಿ, 67 ಕಿ.ಮೀ. ಪೈಪಿನಲ್ಲಿ ಮಂಗಳೂರಿನ ಕಡಲತಡಿಗೆ ಹರಿಸುತ್ತಿದ್ದರು. ಉಳಿದ ಕೆಸರನ್ನು ತಡೆಯಲು ಲಕ್ಯಾದಲ್ಲಿ ಒಂದು ಅಣೆಕಟ್ಟನ್ನೇ ಕಟ್ಟಿದರು. ಸುಪ್ರೀಂ ಕೋರ್ಟು ಹೇಳಿದ ಮೇಲೆ 2005ರ ಕೊನೆಗೆ ಅದು ನಿಂತಿತು. ಹದಿನೆಂಟು ವರ್ಷ ಒಂದೇ ಕಾಡು ಹುಲಿಗೂ ಮನೆ, ಡಂಪರಿಗೂ ಮನೆ. ಡಂಪರಿಗೆ ಯಾವ ಕಾಲಂ ಇತ್ತೋ!

ನಿಯಮವೇ ಬೇಡ ಅಂತ ನಾನು ಹೇಳುವುದಿಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ರಜೆಯಲ್ಲಿ ಜನ ಮುಗಿಬಿದ್ದದ್ದು, ಕಾಡುದಾರಿ ಮೆಜೆಸ್ಟಿಕ್ ಆದದ್ದು ಎಲ್ಲರೂ ನೋಡಿದ್ದೇವೆ. ಆಮೇಲೆ ಆನ್‌ಲೈನ್ ಬುಕಿಂಗ್, ದಿನಕ್ಕೆ 300 ಜನ ಅಂತ ಮಿತಿ ಬಂತು. ಬರಲೇಬೇಕಿತ್ತು. ನಮ್ಮಂಥ ಸೈಕಲ್ಲಿನವರನ್ನು ಹುಲ್ಲುಗಾವಲಿಗೆ ಬಿಟ್ಟರೆ ನಾಳೆ ಐನೂರು ಜನ ಕ್ಯಾಮೆರಾ ಕಟ್ಟಿದ ಹೆಲ್ಮೆಟ್ ಹಾಕಿಕೊಂಡು ಬಂದು ಕಾಟಿಗಳನ್ನು (ಕಾಡುಕೋಣಗಳನ್ನು) ಓಡಿಸುತ್ತಾರೆ, ಗೊತ್ತು. ಹಾಗಂತ ಬರೆದು "ಆಗಲ್ಲ" ಅಂದಿದ್ದರೆ ತಲೆಬಾಗಿಸಿ ಬರುತ್ತಿದ್ದೆ. ಆದರೆ ನನ್ನನ್ನು ತಡೆದದ್ದು ಕಾಟಿಯೂ ಅಲ್ಲ, ಹುಲ್ಲೂ ಅಲ್ಲ, ಮಿನಿ ಬಸ್ಸು.

ಎದ್ದು ಹೊರಟಾಗ ಗುಮಾಸ್ತರಿಗೇ ಪಾಪ ಅನ್ನಿಸಿತು. ಹಿಂದಿನಿಂದ ಕರೆದರು.

"ಒಂದು ಕೆಲಸ ಮಾಡಿ. ಜೀಪಿಗೆ ಪರ್ಮಿಶನ್ ತಗೊಳ್ಳಿ, ಈಗಲೇ ಸೀಲು ಹಾಕಿ ಕೊಡ್ತೇನೆ. ಸೈಕಲ್ಲನ್ನು ಅದರ ತಲೆ ಮೇಲೆ ಕಟ್ಟಿ."

"ಅದಕ್ಕೆ ಪರ್ಮಿಶನ್ ಬೇಡ್ವಾ ಸರ್?"

"ಅದು ಲಗೇಜು ಮಾರಾಯ್ರೆ."

ಹಾಗೆ ನಮ್ಮ ಸೈಕಲ್ ಯಾತ್ರೆ ನಡೆಯಿತು. ಮೂರು ಸೈಕಲ್ಲು ಜೀಪಿನ ತಲೆಯ ಮೇಲೆ, ನಾವು ಮೂವರು ಹೆಲ್ಮೆಟ್ ಹಾಕಿಕೊಂಡು ಒಳಗೆ. ಹೆಲ್ಮೆಟ್ ಉಪಯೋಗಕ್ಕೆ ಬಂತು, ಛಾವಣಿಯ ಕಂಬಿಗೆ ನಾಲ್ಕು ಸಲ ತಲೆ ಬಡಿಯಿತು. ಕಾರ್ಬನ್ ಕಂಬದ ಗೆಳೆಯ ಕೈಗಡಿಯಾರದಲ್ಲಿ ರೈಡ್ ಆನ್ ಮಾಡಿಟ್ಟಿದ್ದ, ಆ ಏರಿನಲ್ಲಿ ಅವನದೇ ದಾಖಲೆ ಈಗ. ತಿರುವಿನಲ್ಲಿ ತಲೆ ಹೊರಗೆ ಹಾಕಿ ನೋಡಿದೆ. ನನ್ನ ಸೈಕಲ್ಲಿನ ಹಿಂದಿನ ಚಕ್ರ ಗಾಳಿಗೆ ಸುಮ್ನೆ ತಿರುಗುತ್ತಿತ್ತು.

ಡ್ರೈವರ್ ಕನ್ನಡಿಯಲ್ಲೇ ನನ್ನನ್ನು ನೋಡಿ ಕೇಳಿದ: "ಡೆಲಿವರಿ ಯಾರ ಮನೆಗೆ ಸರ್?"