ಚಿಮಣಿಗೆ ಲೆಕ್ಕ ಬರುವುದಿಲ್ಲ

ಭೂಮಿಯನ್ನು ಉಳಿಸುವ ತಂತ್ರಜ್ಞಾನ ಯಾವುದು ಅಂತ ಕೇಳಿ ನೋಡಿ. ಒಬ್ಬರು ಸೋಲಾರ್ ಅನ್ನುತ್ತಾರೆ. ಇನ್ನೊಬ್ಬರು ಗಾಳಿಯಂತ್ರ ಅನ್ನುತ್ತಾರೆ. ಹಟ ಜಾಸ್ತಿ ಇರುವವರು ಅಣುವಿದ್ಯುತ್ ಅನ್ನುತ್ತಾರೆ. ಪಾಪ, ಯಾರಿಗೂ ನಿಜ ವಿಷಯ ಗೊತ್ತಿಲ್ಲ. ಭೂಮಿಯನ್ನು ಬಿಸಿ ಮಾಡುವ ಹೊಗೆಯನ್ನು ಇಳಿಸುವುದರಲ್ಲಿ ಇವೆಲ್ಲಕ್ಕಿಂತ ಪಳಗಿದ ವಿದ್ಯೆ ಒಂದಿದೆ. ಅದರ ಹೆಸರು ಅಕೌಂಟೆನ್ಸಿ.

ಇದಕ್ಕೆ ಬಿಸಿಲು ಬೇಡ, ಗಾಳಿ ಬೇಡ, ಬ್ಯಾಟರಿ ಬೇಡ. ಒಂದು ಎಕ್ಸೆಲ್ ಶೀಟ್ ಇದ್ದರೆ ಆಯಿತು. ಹೊಗೆಯನ್ನು ನಿಮ್ಮ ಖಾತೆಯಿಂದ ತೆಗೆದು ಇನ್ಯಾರದ್ದೋ ಖಾತೆಗೆ ಬರೆಯಿರಿ. ಯಾರ ಖಾತೆಯೂ ಸಿಗಲಿಲ್ಲವೇ? ಸುಮ್ನೆ ಕೆಳಗೆ ಅಡಿಟಿಪ್ಪಣಿಯಲ್ಲಿ ಹಾಕಿ. ಅಡಿಟಿಪ್ಪಣಿಯ ಹೊಗೆಯಿಂದ ಈವರೆಗೆ ಯಾರೂ ಕೆಮ್ಮಿದ ದಾಖಲೆ ಇಲ್ಲ. ಚಿಮಣಿಯೇನೋ ಮೊದಲಿನ ಹಾಗೇ ಉಗುಳುತ್ತಿರುತ್ತದೆ. ಆದರೆ ಚಿಮಣಿಗೆ ಲೆಕ್ಕ ಬರುವುದಿಲ್ಲವಲ್ಲ, ಅದರ ಮಾತನ್ನು ಯಾರು ಕೇಳುತ್ತಾರೆ?

ಈ ವಿದ್ಯೆಯಲ್ಲಿ ನನಗೆ ತೀರಾ ಇಷ್ಟವಾದದ್ದು ಮರದ ಅಧ್ಯಾಯ. ಕಲ್ಲಿದ್ದಲು ಸುಟ್ಟರೆ ಪಾಪ, ಮರ ಸುಟ್ಟರೆ ಪುಣ್ಯ ಅಂತ ಅದರ ಸಾರ. ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಡ್ರಾಕ್ಸ್ ಅಂತ ಒಂದು ವಿದ್ಯುತ್ ಸ್ಥಾವರ ಇದೆ. ಒಂದು ಕಾಲಕ್ಕೆ ಬ್ರಿಟನ್ನಿನ ಅತಿ ದೊಡ್ಡ ಕಲ್ಲಿದ್ದಲು ಸ್ಥಾವರ ಅದು. ಕಲ್ಲಿದ್ದಲಿಗೆ ಕೆಟ್ಟ ಹೆಸರು ಬಂದ ಮೇಲೆ ಅದು ಮರದ ಪುಡಿಯನ್ನು ಒತ್ತಿ ಮಾಡಿದ ಗುಳಿಗೆಗಳನ್ನು ಸುಡಲು ಶುರು ಮಾಡಿತು. ಈಗ ಅದು ಹಸಿರು ವಿದ್ಯುತ್ತಿನ ಪಟ್ಟಿಯಲ್ಲಿದೆ, ಸರ್ಕಾರದ ಸಬ್ಸಿಡಿಯನ್ನೂ ಪಡೆದಿದೆ.

ಹಾಗಾದರೆ ಮರ ಸುಟ್ಟರೆ ಕಾರ್ಬನ್ ಡೈಆಕ್ಸೈಡ್ ಬರುವುದಿಲ್ಲವೇ? ಬರುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಲೆಕ್ಕ ಹಾಕಿದರೆ ಚಿಮಣಿಯಿಂದ ಬರುವುದು ಕಲ್ಲಿದ್ದಲಿಗಿಂತ ಕಡಿಮೆಯೇನಲ್ಲ. ಆದರೆ ಅಂತರರಾಷ್ಟ್ರೀಯ ಲೆಕ್ಕದ ನಿಯಮದಲ್ಲಿ ಮರದ ಹೊಗೆಯನ್ನು ಸ್ಥಾವರದ ಖಾತೆಗೆ ಬರೆಯುವಂತಿಲ್ಲ. ಮರ ಕಡಿದಾಗಲೇ, ಕಡಿದ ದೇಶದ ಕಾಡಿನ ಖಾತೆಯಲ್ಲಿ ಅದು ನಷ್ಟವಾಗಿ ದಾಖಲಾಗಬೇಕು. ಒಂದೇ ಹೊಗೆಯನ್ನು ಎರಡು ಸಲ ಬರೆಯಬಾರದು ಅನ್ನುವುದು ನಿಯಮದ ಉದ್ದೇಶ. ಉದ್ದೇಶದಲ್ಲಿ ತಪ್ಪೇನೂ ಇಲ್ಲ. ಆದರೆ ಎರಡು ಸಲ ಬರೆಯಬಾರದು ಅನ್ನುವುದನ್ನು ಸ್ಥಾವರದವರು ಬಹಳ ಶ್ರದ್ಧೆಯಿಂದ ಪಾಲಿಸುತ್ತಾರೆ. ಒಂದು ಸಲವಾದರೂ ಬರೆದಿದ್ದಾರಾ ಅನ್ನುವುದು ಕಡಲಾಚೆಯವರ ತಲೆನೋವು.

ಹೌದು, ಕಡಲಾಚೆಯವರದ್ದೇ. ಆ ಗುಳಿಗೆಗಳಲ್ಲಿ ಹೆಚ್ಚಿನವು ಬರುವುದು ಅಮೆರಿಕ, ಕೆನಡಾ ಕಡೆಯಿಂದ, ಅಟ್ಲಾಂಟಿಕ್ ಸಾಗರ ದಾಟಿ. ತರುವ ಹಡಗು ಎಣ್ಣೆ ಸುಡುತ್ತದೆ. ಆ ಹೊಗೆ ಯಾವ ದೇಶದ ಖಾತೆಗೆ ಅಂತೀರಾ? ಯಾವ ದೇಶಕ್ಕೂ ಅಲ್ಲ! 1997ರ ಕ್ಯೋಟೋ ಒಪ್ಪಂದದಲ್ಲಿ ಅಂತರರಾಷ್ಟ್ರೀಯ ಹಡಗು ಮತ್ತು ವಿಮಾನಗಳ ಹೊಗೆಯನ್ನು ದೇಶಗಳ ಗುರಿಯಿಂದ ಹೊರಗಿಟ್ಟು, ಅದಕ್ಕೆಂದೇ ಇರುವ ಎರಡು ವಿಶ್ವಸಂಸ್ಥೆಯ ಕಚೇರಿಗಳಿಗೆ ಒಪ್ಪಿಸಿದರು. ದೇಶಗಳ ವರದಿಯಲ್ಲಿ ಅದನ್ನು ಬೇರೆ ಕಾಗದದಲ್ಲಿ ಬರೆಯುತ್ತಾರೆ, ಒಟ್ಟು ಮೊತ್ತಕ್ಕೆ ಸೇರಿಸುವುದಿಲ್ಲ. ಜಗತ್ತಿನ ಹೊಗೆಯಲ್ಲಿ ಸುಮಾರು 3% ಹಡಗುಗಳದ್ದೇ. ಇರಲಿ ಬಿಡಿ, ಸಮುದ್ರದ ಮಧ್ಯೆ ಯಾರಿಗೆ ಕಾಣುತ್ತದೆ? ಸೈನ್ಯಗಳ ಹೊಗೆಯ ವಿಷಯ ಇನ್ನೂ ಸರಳ. ಇಷ್ಟವಿದ್ದರೆ ಹೇಳಬಹುದು, ಇಲ್ಲದಿದ್ದರೆ ಇಲ್ಲ. ಟ್ಯಾಂಕಿನ ಮುಂದೆ ನಿಂತು ಹೊಗೆ ತಪಾಸಣೆಯ ಚೀಟಿ ಕೇಳುವ ಧೈರ್ಯ ಯಾರಿಗಿದೆ ಹೇಳಿ.

ಎಣ್ಣೆ ಮಾರುವವರದ್ದು ಇನ್ನೊಂದು ಜಾಣತನ. 2023ರ ಕೊನೆಯಲ್ಲಿ ದುಬೈನಲ್ಲಿ ವಿಶ್ವಸಂಸ್ಥೆಯ 28ನೇ ಹವಾಮಾನ ಶೃಂಗಸಭೆ ನಡೆಯಿತು. ಸಭೆಯ ಅಧ್ಯಕ್ಷರು ಸುಲ್ತಾನ್ ಅಲ್ ಜಾಬರ್. ಅಬುಧಾಬಿಯ ರಾಷ್ಟ್ರೀಯ ತೈಲ ಕಂಪನಿಯ ಮುಖ್ಯಸ್ಥರೂ ಅವರೇ. ಅಲ್ಲಿ 50 ತೈಲ ಕಂಪನಿಗಳು ಒಟ್ಟಾಗಿ ನಿಂತು 2050ರ ಹೊತ್ತಿಗೆ ನೆಟ್ ಝೀರೋ, ಅಂದರೆ ಬಿಟ್ಟ ಹೊಗೆಯಲ್ಲಿ ಹೀರಿ ತೆಗೆದದ್ದನ್ನು ಕಳೆದರೆ ಸೊನ್ನೆ, ಆಗುತ್ತೇವೆ ಅಂತ ಮಾತು ಕೊಟ್ಟವು. ಜೋರು ಚಪ್ಪಾಳೆ. ಸಣ್ಣ ಅಕ್ಷರದಲ್ಲಿ ಓದಿದರೆ, ಸೊನ್ನೆಯಾಗುವುದು ಎಣ್ಣೆ ತೆಗೆಯುವಾಗ, ಶುದ್ಧ ಮಾಡುವಾಗ ಬರುವ ಹೊಗೆ ಮಾತ್ರ. ಪಂಪು, ಪೈಪು, ಆಫೀಸಿನ ದೀಪ. ಮಾರಿದ ಎಣ್ಣೆಯನ್ನು ಕೊಂಡವರು ಸುಟ್ಟಾಗ ಬರುವ ಹೊಗೆ ಆ ಮಾತಿನಲ್ಲಿ ಇಲ್ಲ. ಒಂದು ಬ್ಯಾರಲ್ ಎಣ್ಣೆಯ ಒಟ್ಟು ಹೊಗೆಯಲ್ಲಿ ನೂರಕ್ಕೆ ಎಂಬತ್ತರಷ್ಟು ಬರುವುದೇ ಅಲ್ಲಿಂದ! ಬಾವಿಯ ಪಂಪಿಗೆ ಸೋಲಾರ್ ಹಾಕಿ, ಆ ಶುದ್ಧ ವಿದ್ಯುತ್ತಿನಿಂದ ಇನ್ನಷ್ಟು ಎಣ್ಣೆ ಎತ್ತಿದರೆ ಅದು ಹವಾಮಾನ ಸೇವೆ.

ದೇಶಗಳೂ ಕಡಿಮೆಯಿಲ್ಲ. 2024ರಲ್ಲಿ ನಾರ್ವೆಯಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಪೂರ್ತಿ ಎಲೆಕ್ಟ್ರಿಕ್. ನಿಜವಾಗಿಯೂ ಮೆಚ್ಚಬೇಕಾದ್ದು, ವ್ಯಂಗ್ಯವಲ್ಲ. ಅದೇ ದೇಶ ತಾನು ತೆಗೆದ ತೈಲ, ಅನಿಲವನ್ನು ಹೆಚ್ಚೂಕಡಿಮೆ ಪೂರ್ತಿಯಾಗಿ ಹೊರಗೆ ಮಾರುತ್ತದೆ. ಹೊಗೆ ಸುಟ್ಟವರ ಖಾತೆಗೆ, ದುಡ್ಡು ತೆಗೆದವರ ಖಾತೆಗೆ. ಲೆಕ್ಕದಲ್ಲಿ ಒಂದು ಪೈಸೆ ತಪ್ಪಿಲ್ಲ ನೋಡಿ. ಇದು ನಿಯಮದ ಪ್ರಕಾರವೇ ನಡೆದಿದೆ. ಈ ವಿದ್ಯೆಯಲ್ಲಿ ಯಾರೂ ಯಾವತ್ತೂ ನಿಯಮ ಮುರಿಯುವುದಿಲ್ಲ. ಅಷ್ಟು ಕಷ್ಟಪಡುವ ಅಗತ್ಯವೇ ಬರುವುದಿಲ್ಲ.

ಹಾಗಾದರೆ ಕೊನೆಗೆ ಈ ಹೊಗೆ ಹೋಗಿ ನಿಲ್ಲುವುದು ಯಾರ ಮನೆ ಬಾಗಿಲಿಗೆ? ನಿಮ್ಮ ಬಾಗಿಲಿಗೆ. 2004ರಲ್ಲಿ ಬ್ರಿಟಿಷ್ ತೈಲ ಕಂಪನಿ ಬಿಪಿ ಒಂದು ಕ್ಯಾಲ್ಕುಲೇಟರನ್ನು ಜನರ ಮುಂದಿಟ್ಟಿತು. ನೀವು ಏನು ತಿನ್ನುತ್ತೀರಿ, ಎಷ್ಟು ಓಡಾಡುತ್ತೀರಿ, ಮನೆ ಎಷ್ಟು ಬೆಚ್ಚಗಿಡುತ್ತೀರಿ ಅಂತ ತುಂಬಿದರೆ ನಿಮ್ಮ 'ಕಾರ್ಬನ್ ಫುಟ್‌ಪ್ರಿಂಟ್', ಅಂದರೆ ನಿಮ್ಮ ಪಾಲಿನ ಹೊಗೆಯ ಹೆಜ್ಜೆಗುರುತು, ಎಷ್ಟು ಅಂತ ಅದು ಹೇಳುತ್ತಿತ್ತು. ಹೆಜ್ಜೆಗುರುತಿನ ಕಲ್ಪನೆ ಪಂಡಿತರ ಬಳಿ ಮೊದಲೇ ಇತ್ತು. ಅದನ್ನು ಮನೆಮನೆಗೆ ಮುಟ್ಟಿಸಿದ ಶ್ರೇಯಸ್ಸಿನಲ್ಲಿ ದೊಡ್ಡ ಪಾಲು ಎಣ್ಣೆ ಮಾರುವವರದ್ದು. ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿದ್ದು ಹಳೆಯ ಕತೆ. ಈ ಕೋತಿ ಒರೆಸಿದ್ದಲ್ಲದೆ, ಎಷ್ಟು ಗ್ರಾಂ ಮೊಸರು ಅಂತ ಮೇಕೆಯ ಕೈಯಲ್ಲೇ ಬರೆಸಿಕೊಂಡಿತು. ಮೇಕೆಗೆ ಈಗಲೂ ರಾತ್ರಿ ನಿದ್ದೆ ಬರುವುದಿಲ್ಲ. ಫ್ಯಾನ್ ಹಾಕಲೋ ಬೇಡವೋ ಅಂತ ಯೋಚಿಸುತ್ತಾ ಮಲಗಿರುತ್ತದೆ.

ತಪ್ಪಿತಸ್ಥ ಭಾವನೆ ಬಂದ ಮೇಲೆ ಪ್ರಾಯಶ್ಚಿತ್ತ ಬೇಕಲ್ಲ. ಅದಕ್ಕೇ ಇರುವುದು ಕಾರ್ಬನ್ ಕ್ರೆಡಿಟ್, ಇಷ್ಟು ಟನ್ ಹೊಗೆ ಉಳಿಸಿದ್ದೇವೆ ಅಂತ ದುಡ್ಡಿಗೆ ಸಿಗುವ ಚೀಟಿ. ನೀವು ವಿಮಾನ ಹತ್ತಿ, ಎಲ್ಲೋ ದೂರದಲ್ಲಿ ಒಂದು ಕಾಡು ನಿಮ್ಮ ಹೊಗೆಯನ್ನು ನುಂಗುತ್ತದೆ. ಹೊಸ ಮರ ನೆಟ್ಟರೆ ಅರ್ಥವಾಗುತ್ತದೆ. ಆದರೆ ಈ ಅಂಗಡಿಯಲ್ಲಿ ಜೋರಾಗಿ ಮಾರಾಟವಾದ ಸರಕು ಕಾಡು ಕಡಿಯದೇ ಇರುವುದು.

ಇದರ ವಿಧಾನ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಕಥೆ ಬರೆಯುವ ಆಸೆ ಇರುವವರಿಗೆ ಇದರಲ್ಲಿ ಒಳ್ಳೆಯ ಅವಕಾಶ ಇದೆ. ಮೊದಲು ಒಂದು ಕಾಡು ಬೇಕು. ಆಮೇಲೆ ಅದನ್ನು ಕಡಿಯಲು ಒಂದು ಕೊಡಲಿ ಬೇಕು. ಕೊಡಲಿ ನಿಜವಾಗಿ ಇರಬೇಕೆಂದಿಲ್ಲ, ಊಹೆಯಲ್ಲಿದ್ದರೆ ಸಾಕು. 'ನಾವು ಕಾಯದೇ ಇದ್ದಿದ್ದರೆ ಈ ಕಾಡು ಇಷ್ಟು ವೇಗದಲ್ಲಿ ನಾಶವಾಗುತ್ತಿತ್ತು' ಅಂತ ಬರೆಯಬೇಕು. ಊಹೆಯ ಕೊಡಲಿ ಹರಿತವಾದಷ್ಟೂ ಉಳಿದ ಮರ ಜಾಸ್ತಿ. ಉಳಿದ ಮರ ಜಾಸ್ತಿಯಾದಷ್ಟೂ ಕ್ರೆಡಿಟ್ ಜಾಸ್ತಿ. ಬೀಳದ ಕೊಡಲಿಯಿಂದ ಉಳಿದ ಮರದ ನೆರಳಿನಲ್ಲಿ ಒಂದು ಏರ್‌ಲೈನ್ ಕಂಪನಿ ಹಾಯಾಗಿ ವಿಶ್ರಾಂತಿ ತೆಗೆದುಕೊಳ್ಳಬಹುದು.

ಕೆಲವು ಅರಸಿಕ ವಿಜ್ಞಾನಿಗಳು ಆರು ದೇಶಗಳ ಇಂಥ 26 ಯೋಜನೆಗಳನ್ನು ಪರೀಕ್ಷೆ ಮಾಡಿದರು. ಅದೇ ಥರದ, ಆದರೆ ಯೋಜನೆಯಲ್ಲಿ ಇಲ್ಲದ ಕಾಡುಗಳ ಜೊತೆ ಹೋಲಿಸಿ ನೋಡಿದರು. 2023ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಹೆಚ್ಚಿನ ಯೋಜನೆಗಳು ಕಾಡು ಕಡಿಯುವುದನ್ನು ಹೇಳಿಕೊಳ್ಳುವಷ್ಟು ತಗ್ಗಿಸಿರಲಿಲ್ಲ. ಕೊಡಲಿ ಅಷ್ಟು ಹರಿತವಾಗಿ ಇರಲೇ ಇಲ್ಲ. ಇನ್ನು ಕಾಡಿಗೂ ಲೆಕ್ಕದ ಶಿಸ್ತು ಇಲ್ಲ. 2021ರಲ್ಲಿ ಅಮೆರಿಕದ ಆರೆಗನ್‌ನಲ್ಲಿ ಬೂಟ್‌ಲೆಗ್ ಅನ್ನುವ ಕಾಡ್ಗಿಚ್ಚು ಎದ್ದಾಗ, ಕ್ರೆಡಿಟ್ ಮಾರಿದ್ದ ಕಾಡಿಗೂ ಬೆಂಕಿ ಬಿತ್ತು. ನೂರು ವರ್ಷ ಹಿಡಿದಿಡುತ್ತೇನೆ ಅಂತ ಬರೆದುಕೊಟ್ಟಿದ್ದ ಇಂಗಾಲವನ್ನು ಮರಗಳು ಕೆಲವೇ ದಿನಗಳಲ್ಲಿ ಬಿಟ್ಟುಕೊಟ್ಟವು. ಇಂಥದ್ದಕ್ಕೆಂದೇ ಒಂದಿಷ್ಟು ಕ್ರೆಡಿಟ್‌ಗಳನ್ನು ವಿಮೆಯ ಹಾಗೆ ಮೊದಲೇ ತೆಗೆದಿಟ್ಟಿರುತ್ತಾರೆ. ಅವೂ ಕಾಡುಗಳೇ. ಬೆಂಕಿಗೆ ವಿಮೆಯಾಗಿ ಸೌದೆ.

ಕಂಪ್ಯೂಟರ್ ಕಂಪನಿಗಳು ಕಾಡು ಮೇಡು ಅಲೆಯುವುದಿಲ್ಲ, ಅವರದ್ದು ಕೋಣೆಯಲ್ಲೇ ಕುಳಿತು ಮಾಡುವ ಕೆಲಸ. ವರ್ಷವಿಡೀ ಎಷ್ಟು ವಿದ್ಯುತ್ ಬಳಸಿದೆವೋ ಅಷ್ಟೇ ಸೋಲಾರ್ ಮತ್ತು ಗಾಳಿ ವಿದ್ಯುತ್ತನ್ನು ಎಲ್ಲಾದರೂ ಕೊಂಡು ಅದರ ಸರ್ಟಿಫಿಕೇಟ್ ಇಟ್ಟುಕೊಂಡರೆ ಆಯಿತು, '100% ಹಸಿರು' ಅಂತ ಬೋರ್ಡು. ಡೇಟಾ ಸೆಂಟರ್ ನಡುರಾತ್ರಿಯಲ್ಲೂ ಓಡುತ್ತದೆ. ಆ ಹೊತ್ತಿಗೆ ಅದರ ತಂತಿಯಲ್ಲಿ ಕಲ್ಲಿದ್ದಲು ಅಥವಾ ಅನಿಲದ ವಿದ್ಯುತ್ ಹರಿಯುತ್ತಿರಬಹುದು. ಪರವಾಗಿಲ್ಲ, ಮಧ್ಯಾಹ್ನದ ಬಿಸಿಲಿನ ಸರ್ಟಿಫಿಕೇಟ್ ರಾತ್ರಿಗೂ ಚಲಾವಣೆಯಲ್ಲಿರುತ್ತದೆ. ಸೂರ್ಯ ಮುಳುಗುತ್ತಾನೆ, ಸರ್ಟಿಫಿಕೇಟ್ ಮುಳುಗುವುದಿಲ್ಲ. ಇಷ್ಟೆಲ್ಲ ಅನುಕೂಲ ಇದ್ದರೂ ಕೃತಕ ಬುದ್ಧಿಮತ್ತೆಯ ಹಸಿವನ್ನು ಮುಚ್ಚಿಡಲು ಆಗಲಿಲ್ಲ. 2019ಕ್ಕೆ ಹೋಲಿಸಿದರೆ ತನ್ನ ಹೊಗೆ 48% ಏರಿದೆ ಅಂತ ಗೂಗಲ್ 2024ರ ವರದಿಯಲ್ಲಿ ತಾನೇ ಹೇಳಿಕೊಂಡಿತು. 2020ರಿಂದ 29% ಏರಿಕೆ ಅಂತ ಮೈಕ್ರೋಸಾಫ್ಟ್ ಹೇಳಿತು. ನಿಜ ಹೇಳಿದ್ದಾರೆ, ಅಷ್ಟು ಮಟ್ಟಿಗೆ ಅವರು ಈ ವಿದ್ಯೆಯಲ್ಲಿ ಇನ್ನೂ ಹಿಂದುಳಿದವರು.

ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆಗೆ ಅಡ್ಡಗಾಲು ಹಾಕುತ್ತಿರುವುದು ಒಂದೇ ಒಂದು ಯಂತ್ರ. ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲಿದೆ. ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ 1958ರಲ್ಲಿ ಅಲ್ಲಿ ಗಾಳಿ ಅಳೆಯಲು ಶುರು ಮಾಡಿದಾಗ ಹತ್ತು ಲಕ್ಷ ಅಣುಗಳಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 315 ಇತ್ತು. ಹವಾಮಾನದ ಮೊದಲ ಶೃಂಗಸಭೆ ಬರ್ಲಿನ್‌ನಲ್ಲಿ ನಡೆದ 1995ರಲ್ಲಿ ಸುಮಾರು 361. ಅಲ್ಲಿಂದ ಆಚೆ ಇಷ್ಟೊಂದು ಒಪ್ಪಂದ, ಇಷ್ಟೊಂದು ಕ್ರೆಡಿಟ್, ಇಷ್ಟೊಂದು ಸೊನ್ನೆ. 2024ರ ಸರಾಸರಿ? 424 ದಾಟಿದೆ. ಆ ಯಂತ್ರಕ್ಕೆ ನೆಟ್ ಝೀರೋ ಅಂದರೆ ಏನು ಅಂತಲೇ ಗೊತ್ತಿಲ್ಲ, ಗಾಳಿಯಲ್ಲಿ ಇರುವುದನ್ನು ಇದ್ದ ಹಾಗೇ ಬರೆಯುತ್ತದೆ. ಇದಕ್ಕೊಂದು ನೋಟಿಸ್ ಕೊಡಬೇಕು ಅಂತ ನನ್ನ ಸಲಹೆ. 'ಆಡಿಟ್ ಆದ ಲೆಕ್ಕಪತ್ರದ ಪ್ರಕಾರ ಸದರಿ ಹೊಗೆಯು ಉತ್ಪತ್ತಿಯಾಗಿರುವುದಿಲ್ಲ. ಆದ್ದರಿಂದ ತಾವು ತೋರಿಸುತ್ತಿರುವ ಅಂಕಿಯನ್ನು ಏಳು ದಿನಗಳ ಒಳಗೆ ತಿದ್ದಿಕೊಳ್ಳತಕ್ಕದ್ದು.' 2022ರಲ್ಲಿ ಆ ಬೆಟ್ಟವೇ ಜ್ವಾಲಾಮುಖಿಯಾಗಿ ಸಿಡಿದು, ಲಾವಾ ಹರಿದು, ಯಂತ್ರದ ಕರೆಂಟು ಕಟ್ ಆಗಿತ್ತು. ಸದ್ಯ ಪೀಡೆ ತೊಲಗಿತು ಅನ್ನುವಷ್ಟರಲ್ಲಿ ಸೋಲಾರ್ ಪ್ಯಾನೆಲ್ ಹಾಕಿಸಿಕೊಂಡು ಮತ್ತೆ ಎಣಿಸಲು ಕುಳಿತಿತು.

ಗಾಳಿಯಿಂದಲೇ ಇಂಗಾಲವನ್ನು ಹೀರಿ ತೆಗೆದರೆ ಯಂತ್ರದ ಬಾಯಿ ಮುಚ್ಚಿಸಬಹುದು ಅಂತ ಕೆಲವರು ಹೇಳುತ್ತಾರೆ. 2021ರಲ್ಲಿ ಐಸ್‌ಲ್ಯಾಂಡಿನಲ್ಲಿ ಓರ್ಕಾ ಅನ್ನುವ ಸ್ಥಾವರ ಇದಕ್ಕಾಗಿಯೇ ಶುರುವಾಯಿತು. ಪೂರ್ತಿ ಸಾಮರ್ಥ್ಯದಲ್ಲಿ ಓಡಿದರೆ ವರ್ಷಕ್ಕೆ 4,000 ಟನ್ ಹೀರುತ್ತದೆ. ಇಂಧನ ಮತ್ತು ಕಾರ್ಖಾನೆಗಳಿಂದ ಜಗತ್ತು ಬಿಡುವುದು ವರ್ಷಕ್ಕೆ ಸುಮಾರು 3,700 ಕೋಟಿ ಟನ್. ಭಾಗಿಸಿ ನೋಡಿದೆ. ಓರ್ಕಾದ ಒಂದು ವರ್ಷದ ದುಡಿಮೆ ನಮ್ಮ ಸುಮಾರು ಮೂರೂವರೆ ಸೆಕೆಂಡಿಗೆ ಸಮ. ಈ ವಾಕ್ಯ ಓದಿ ಮುಗಿಸುವಷ್ಟರಲ್ಲಿ ಅದು ಖರ್ಚಾಗಿದೆ.

ಇಷ್ಟೆಲ್ಲ ಸರ್ಕಸ್ ಯಾಕೆ, ಬೇರೆ ದಾರಿಯೇ ಇಲ್ಲವೇ ಅಂತ ಕೇಳಬಹುದು. ಇದೆ, ಅದೇ ಬೇಜಾರಿನ ವಿಷಯ. 2010ರಿಂದ 2020ರ ನಡುವೆ ಸೋಲಾರ್ ಪ್ಯಾನೆಲ್ ಬೆಲೆ ಸುಮಾರು 90% ಬಿದ್ದುಹೋಯಿತು. 2024ರಲ್ಲಿ ಜಗತ್ತಿನ ವಿದ್ಯುತ್ತಿನಲ್ಲಿ ಸುಮಾರು 38% ಕಲ್ಲಿದ್ದಲು, ತೈಲ, ಅನಿಲ, ಮರ ಯಾವುದನ್ನೂ ಸುಡದೆ ಬಂದದ್ದು. ಅಣು, ನೀರು, ಗಾಳಿ, ಬಿಸಿಲು ಎಲ್ಲ ಸೇರಿ. ಇಂಥ ಕಡೆ ಹೊಗೆಯನ್ನು ಬೇರೆಯವರ ಖಾತೆಗೆ ತಳ್ಳುವ ಪ್ರಮೇಯವೇ ಬರುವುದಿಲ್ಲ. ಲೆಕ್ಕಿಗರಿಗೆ ಕೆಲಸ ಎಲ್ಲಿ ಉಳಿಯುತ್ತದೆ ಹೇಳಿ?

ಹೆದರಬೇಡಿ, ಅದಕ್ಕೂ ಕಾಗದವೇ ಕಾವಲು ನಿಂತಿದೆ. ಹೊಸ ಸ್ಥಾವರವನ್ನು ಗ್ರಿಡ್‌ಗೆ ಸೇರಿಸಬೇಕಾದರೆ ಅರ್ಜಿ ಹಾಕಬೇಕು, ಅಧ್ಯಯನ ಆಗಬೇಕು, ತಂತಿಯ ಖರ್ಚು ಯಾರದ್ದು ಅಂತ ತೀರ್ಮಾನ ಆಗಬೇಕು. 2023ರ ಕೊನೆಗೆ ಅಮೆರಿಕ ಒಂದರಲ್ಲೇ ಹೀಗೆ ಸರದಿಯಲ್ಲಿ ನಿಂತಿದ್ದ ಯೋಜನೆಗಳ ಸಾಮರ್ಥ್ಯ ಸುಮಾರು 2,600 ಗಿಗಾವಾಟ್. ಆ ದೇಶದಲ್ಲಿ ಆಗಲೇ ಓಡುತ್ತಿದ್ದ ಎಲ್ಲ ವಿದ್ಯುತ್ ಸ್ಥಾವರಗಳನ್ನು ಕೂಡಿಸಿದರೂ ಅದರ ಅರ್ಧದಷ್ಟು. ಬಹುಪಾಲು ಸೋಲಾರ್, ಬ್ಯಾಟರಿ, ಗಾಳಿ. ಹಲವು ಅರ್ಜಿಗಳು ಕಾದು ಕಾದು ವಾಪಸ್ ಹೋಗುತ್ತವೆ. ಕೊನೆಗೂ ಕಟ್ಟಿ ಮುಗಿಸಿದವರಿಗೆ ಅರ್ಜಿಯಿಂದ ಸ್ವಿಚ್ ಹಾಕುವವರೆಗೆ ಸಾಮಾನ್ಯವಾಗಿ ಹಿಡಿಯುತ್ತಿರುವುದು ಸುಮಾರು ಐದು ವರ್ಷ. ಕಾರ್ಬನ್ ಕ್ರೆಡಿಟ್ ಕೊಳ್ಳಲು ಈ ಯಾವ ಕ್ಯೂ ಇಲ್ಲ. ಟಿಕೆಟ್ ಬುಕ್ ಮಾಡುವಾಗಲೇ ಕೆಳಗೊಂದು ಚಿಕ್ಕ ಚೌಕ ಇರುತ್ತದೆ. ಟಿಕ್ ಮಾಡಿದರೆ ಕೂಡಲೇ ಇಮೇಲ್ ಬರುತ್ತದೆ, ಹಸಿರು ಎಲೆಯ ಚಿತ್ರ ಸಮೇತ.